ಟೀವಿಗೆ ನೆಟ್ ಕೊಡುವ ದಾರಿಗಳು: ಕಲ್ಲುಗೋಡೆಯ ಮನೆಗೆ ಯಾವುದು, ಬ್ಲಾಕ್ ಗೋಡೆಯ ಮನೆಗೆ ಯಾವುದು

ಸ್ಮಾರ್ಟ್ ಟೀವಿಯಲ್ಲಿ ಚಕ್ರ ತಿರುಗೋಕೆ ಶುರುವಾದರೆ ಎಲ್ಲರೂ ಮೊದಲು ಬೈಯೋದು ನೆಟ್ ಪ್ಲಾನನ್ನು. 50 ಎಂಬಿಪಿಎಸ್ (ನೆಟ್ ವೇಗದ ಅಳತೆ) ಇದ್ದದ್ದನ್ನು 100 ಮಾಡಿಸುತ್ತಾರೆ, 100 ಇದ್ದದ್ದನ್ನು 200. ಚಕ್ರ ಮಾತ್ರ ನಿಲ್ಲೋದಿಲ್ಲ. ಯಾಕೆಂದರೆ ತೊಂದರೆ ಇರುವುದು ಫೈಬರ್ ಬಾಕ್ಸಿನಿಂದ (ಮನೆಯೊಳಗೆ ವೈಫೈ ಬಿಡುವ ಡಬ್ಬಿ) ಟೀವಿಗೆ ಬರುವ ಆ ಇಪ್ಪತ್ತು ಮೂವತ್ತು ಅಡಿಯಲ್ಲಿ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳೋದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಯೂಟ್ಯೂಬಿನ 4ಕೆಗೆ 20 ಹಿಡಿಯಿರಿ. ಅಷ್ಟು ವೇಗ ಕದಲದೆ ಸಿಕ್ಕರೆ ಸಾಕು.

ಕೋಲಾರದಲ್ಲಿ ಇದನ್ನು ಎರಡು ಬಗೆಯ ಮನೆಯಲ್ಲಿ ನೋಡಬೇಕು. ಪೇಟೆಯ ಹಳೇ ಬೀದಿಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಒಂದೂವರೆ ಅಡಿ ದಪ್ಪದ ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಟಮಕದ ಕಡೆಯ ಹೊಸ ಬಡಾವಣೆಗಳಲ್ಲಿ ಆರಿಂಚಿನ ಸಿಮೆಂಟ್ ಬ್ಲಾಕ್, ಮೇಲೆ ಆರ್‌ಸಿಸಿ ಮೋಲ್ಡ್. ಮೊದಲನೆಯದರಲ್ಲಿ ಸೋತ ದಾರಿ ಎರಡನೆಯದರಲ್ಲಿ ಗೆಲ್ಲಬಹುದು. 43 ಇಂಚಿನ ಡ್ಯುಯಲ್ ಬ್ಯಾಂಡ್ (ವೈಫೈಯ 2.4, 5 ಗಿಗಾಹರ್ಟ್ಸ್ ಎರಡೂ ಅಲೆ ಹಿಡಿಯುವ) ಟೀವಿ, 2.4 ಮಾತ್ರ ಹಿಡಿಯುವ 32 ಇಂಚಿನ ಹಳೇ ಟೀವಿ, 100 ಎಂಬಿಪಿಎಸ್ ಫೈಬರ್ ಲೈನು ಇಟ್ಟುಕೊಂಡು ಎರಡೂ ಬಗೆಯ ಮನೆಯಲ್ಲಿ ಹೋಲಿಸಿದ ಫಲ ಇಲ್ಲಿದೆ.

ಮೊದಲು ಅಳತೆ

ಫೋನಿನಲ್ಲಿ ವೈಫೈ ಅನಲೈಸರ್ ಆಪ್ ಹಾಕಿಕೊಳ್ಳಿ. ಫೋನನ್ನು ಸೋಫಾದಲ್ಲಿ ಕೂತು ಹಿಡಿಯಬೇಡಿ, ಟೀವಿಯ ಬೆನ್ನಿಗೆ, ಗೋಡೆಗೂ ಟೀವಿಗೂ ನಡುವಿನ ಸಂದಿಯಲ್ಲಿ ಹಿಡಿಯಿರಿ. ಟೀವಿಯ ವೈಫೈ ಆಂಟೆನಾ ಇರುವುದು ಅಲ್ಲೇ, ತಗಡಿನ ಮರೆಯಲ್ಲಿ. ಸೋಫಾದಲ್ಲಿ -55 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ತೋರಿಸಿದ್ದು ಆ ಸಂದಿಯಲ್ಲಿ -63 ಆಗಿರುತ್ತದೆ. -60ರ ಒಳಗಿದ್ದರೆ ಯೋಚನೆ ಬೇಡ. -67ರವರೆಗೆ ವಿಡಿಯೊ ನಡೆಯುತ್ತದೆ. -75 ದಾಟಿದರೆ ಟೀವಿ ‘ಕನೆಕ್ಟೆಡ್’ ಅನ್ನುತ್ತಲೇ ಇರುತ್ತದೆ, ಚಿತ್ರ ಮಾತ್ರ ಬರೋದಿಲ್ಲ. ಟೀವಿ ತೋರಿಸುವ ಕಡ್ಡಿಗಳನ್ನು ನಂಬಿ ಕೂರಬೇಡಿ, ಒಂದು ಕಂಪನಿಯ ಮೂರು ಕಡ್ಡಿ ಇನ್ನೊಂದು ಕಂಪನಿಯ ಎರಡಕ್ಕೆ ಸಮ.

5 ಗಿಗಾಹರ್ಟ್ಸ್ ಮತ್ತು 2.4

ಬಾಕ್ಸ್ ಹಾಲಿನಲ್ಲೇ ಇದ್ದು ಟೀವಿ ಹತ್ತು ಹನ್ನೆರಡು ಅಡಿ ದೂರದಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಸಾಟಿಯಿಲ್ಲ. 100ರ ಪ್ಲಾನ್ ಪೂರ್ತಿ ಟೀವಿಗೆ ಬರುತ್ತದೆ, ಪಕ್ಕದ ಮನೆಯವರ ವೈಫೈ ಅಡ್ಡ ಬರೋದು ಕಡಿಮೆ. ಒಂದು ಬ್ಲಾಕ್ ಗೋಡೆ ದಾಟಿದರೂ 4ಕೆಗೆ ಕೊರತೆಯಿಲ್ಲ. ಎರಡು ಗೋಡೆಯಾದರೆ ಟೀವಿ ಎಲ್ಲಿದೆ ಅನ್ನೋದರ ಮೇಲೆ. ಸೈಜುಗಲ್ಲಿನ ಒಂದೇ ಗೋಡೆ ಅಡ್ಡ ಬಂದರೆ ಮಾತ್ರ ಆಟ ಮುಗಿದಂತೆ. ಬಾಗಿಲು ತೆರೆದಿದ್ದರೆ ಸಿಗ್ನಲ್ ಬಾಗಿಲಿನಿಂದ ನುಸುಳಿ ಬರುತ್ತದೆ, ಬಾಗಿಲು ಹಾಕಿದ ಕೂಡಲೇ ಇಳಿಯುತ್ತದೆ. ಹಗಲಲ್ಲಿ ಚೆನ್ನಾಗಿದ್ದು ರಾತ್ರಿ ಬಾಗಿಲು ಹಾಕಿಕೊಂಡ ಮೇಲೆ ನಿಲ್ಲುತ್ತದೆ ಅಂತ ಹೇಳುವ ಮನೆಗಳಲ್ಲಿ ಮೊದಲು ಇದನ್ನೇ ನೋಡಿ.

5ರಲ್ಲಿ ಇನ್ನೊಂದು ಕಾಟವಿದೆ: ಫೋನಿಗೆ ಕಾಣುವ ವೈಫೈ ಹೆಸರು ಟೀವಿಗೆ ಕಾಣೋದೇ ಇಲ್ಲ. ಟೀವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. 52ರಿಂದ 144ರವರೆಗಿನ ವೈಫೈ ಚಾನೆಲ್‌ಗಳನ್ನು (ಟೀವಿ ಚಾನೆಲ್ ಅಲ್ಲ, ವೈಫೈ ಅಲೆಯೊಳಗಿನ ಓಣಿಗಳು) ರೇಡಾರ್ ಕೂಡ ಬಳಸುತ್ತದೆ, ಹಾಗಾಗಿ ಬಹಳಷ್ಟು ಟೀವಿಗಳು ಆ ಚಾನೆಲ್‌ಗಳ ಕಡೆ ತಿರುಗಿಯೂ ನೋಡೋದಿಲ್ಲ. ಬಾಕ್ಸಿನ ಚಾನೆಲ್ ಆಯ್ಕೆ ಆಟೋ ಮೋಡಿನಲ್ಲಿದ್ದಾಗ ಯಾವತ್ತೋ ಒಂದು ದಿನ ತಾನಾಗಿ ಅಲ್ಲಿಗೆ ಹಾರುತ್ತದೆ, ಟೀವಿಗೆ ನೆಟ್ ಹೋಗುತ್ತದೆ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ತೆರೆದು (ಸರಿಯಾದ ವಿಳಾಸ, ಪಾಸ್‌ವರ್ಡ್ ಬಾಕ್ಸಿನ ತಳದ ಸ್ಟಿಕರಿನಲ್ಲಿರುತ್ತವೆ) ವೈರ್‌ಲೆಸ್ ಸೆಟ್ಟಿಂಗಿನಲ್ಲಿ 5ರ ಚಾನೆಲನ್ನು 36 ಅಥವಾ 149ಕ್ಕೆ ಕಟ್ಟಿಹಾಕಿ. ರೇಡಾರ್ ಚಾನೆಲ್ಲಿನಲ್ಲಿ ಬಿಟ್ಟರೆ ಕರೆಂಟು ಹೋಗಿ ಬಂದಾಗಲೆಲ್ಲ ಬಾಕ್ಸ್ ರೇಡಾರ್ ಇದೆಯಾ ಅಂತ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿದ ಮೇಲೆಯೇ ವೈಫೈ ಬಿಡುತ್ತದೆ, ಅದೂ ಒಂದು ಕಿರಿಕಿರಿ.

ಅದೇ ಪುಟದಲ್ಲಿ ಇನ್ನೆರಡು ಕೆಲಸ ಮುಗಿಸಿಬಿಡಿ. 2.4ಕ್ಕೂ 5ಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರಿಡಿ. ಒಂದೇ ಹೆಸರಿದ್ದಾಗ ಟೀವಿ ತನಗೆ ತೋಚಿದ್ದನ್ನು ಹಿಡಿದು ಕೂರುತ್ತದೆ, ಫೋನಿನ ಹಾಗೆ ಬದಲಾಯಿಸಿಕೊಳ್ಳೋದಿಲ್ಲ. ಸೆಕ್ಯುರಿಟಿ ಡಬ್ಲ್ಯುಪಿಎ3 ಮಾತ್ರ ಅಂತಿದ್ದರೆ ಹಳೇ ಟೀವಿ ಸರಿಯಾದ ಪಾಸ್‌ವರ್ಡನ್ನೂ ತಪ್ಪು ಅನ್ನುತ್ತದೆ. ಡಬ್ಲ್ಯುಪಿಎ2-ಎಇಎಸ್ ಇಡಿ, ಇಲ್ಲವೇ 2 ಮತ್ತು 3 ಕೂಡಿದ ಮೋಡ್ ಇಡಿ. ಪಾಸ್‌ವರ್ಡ್ ಉದ್ದವಿರಲಿ, ಆದರೆ ರಿಮೋಟಿನಲ್ಲಿ ಒತ್ತಲು ಆಗುವಂತೆ ಸಣ್ಣ ಅಕ್ಷರ ಮತ್ತು ಅಂಕಿಗಳಲ್ಲಿರಲಿ.

2.4 ವೇಗದಲ್ಲಿ ಹಿಂದೆ, ಗೋಡೆ ದಾಟೋದರಲ್ಲಿ ಮುಂದೆ. ಕಲ್ಲುಗೋಡೆಯ ಆಚೆಗೂ ಫುಲ್ ಎಚ್‌ಡಿ ಎಳೆದುಕೊಂಡು ಬರುತ್ತದೆ. ಅದರ ಶತ್ರು ಅಕ್ಕಪಕ್ಕದ ಮನೆಗಳು. ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಅನಲೈಸರ್ ಆಪಿನಲ್ಲಿ ಸಂಜೆ ಏಳರಿಂದ ಹತ್ತರೊಳಗೆ ನೋಡಿ, ಮೂರರಲ್ಲಿ ಯಾವುದು ಖಾಲಿಯೋ ಅದಕ್ಕೆ ಕಟ್ಟಿಹಾಕಿ. ಬೆಳಗ್ಗೆ ನೋಡಿ ಪ್ರಯೋಜನವಿಲ್ಲ, ಜನ ಟೀವಿ ಹಾಕುವ ಹೊತ್ತಿನಲ್ಲೇ ಅಳೆಯಬೇಕು. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. 40 ಇಟ್ಟರೆ ವೇಗ ಜಾಸ್ತಿ ಅಂತ ಕಂಡರೂ ಅಗಲವಾದಷ್ಟೂ ಹೆಚ್ಚು ನೆರೆಮನೆಗಳ ಜೊತೆ ಗುದ್ದಾಟ. ಟೀವಿಯ ಬೆನ್ನಿಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ತೆಗೆದು ನೋಡಿ, ಅದು ಎಬ್ಬಿಸುವ ಗದ್ದಲ ಸರಿಯಾಗಿ 2.4ರ ಮೇಲೇ ಬೀಳುತ್ತದೆ. ಬ್ಲೂಟೂತ್ ಸೌಂಡ್‌ಬಾರ್, ಅಡುಗೆಮನೆಯ ಮೈಕ್ರೋವೇವ್ ಎರಡೂ ಇದೇ ಅಲೆಯವು.

ಲ್ಯಾನ್ ಕೇಬಲ್

ಕಲ್ಲುಗೋಡೆಯ ಮನೆಗೆ ನಮ್ಮ ಮೊದಲ ಆಯ್ಕೆ ಇದೇ. ಬ್ಲಾಕ್ ಮನೆಯಲ್ಲೂ ಕಟ್ಟುವಾಗಲೇ ಪೈಪ್ ಬಿಟ್ಟಿದ್ದರೆ ಇದೇ. ಸ್ಪೀಡ್ ಟೆಸ್ಟ್ ಮಾಡಿದರೆ 93-94 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ, 200ರ ಪ್ಲಾನ್ ಇದ್ದರೂ ಅಷ್ಟೇ. ಕೇಬಲ್ ಕಳಪೆ ಅಂತ ಹಿಂದಿರುಗಿಸಬೇಡಿ: ಬಹುತೇಕ ಟೀವಿಗಳ ಲ್ಯಾನ್ ಪೋರ್ಟೇ 100ರದ್ದು. ಹತ್ತಿರದಿಂದ 5 ಗಿಗಾಹರ್ಟ್ಸ್ ಇದಕ್ಕಿಂತ ದೊಡ್ಡ ಅಂಕಿ ತೋರಿಸಬಹುದು. ಆದರೆ ಕೇಬಲ್ಲಿನ 94 ರಾತ್ರಿ ಹತ್ತಕ್ಕೂ 94, ಬಾಗಿಲು ಹಾಕಿದರೂ 94. ಮ್ಯಾಚ್ ನೋಡುವವರಿಗೆ ಬೇಕಾದದ್ದು ಈ ಸ್ಥಿರತೆ.

ಕ್ಯಾಟ್ 6 ಕೇಬಲ್ ತನ್ನಿ, ಅಪ್ಪಟ ತಾಮ್ರದ್ದು. ಅಂಗಡಿಯಲ್ಲೇ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಕ್ರಿಂಪ್ (ತಂತಿಯ ತುದಿಗೆ ಜ್ಯಾಕನ್ನು ಅದುಮಿ ಕೂರಿಸೋದು) ಕೂಡ ಭದ್ರವಾಗಿ ಕೂರೋದಿಲ್ಲ. ದಾರ ಹಿಡಿದು ಮೂಲೆ ಮೂಲೆಯಾಗಿ ಅಳೆದು, ಎರಡೂ ತುದಿಗೆ ಒಂದೊಂದು ಮೀಟರ್ ಸೇರಿಸಿ. 100 ಮೀಟರಿನವರೆಗೆ ನಡೆಯುವ ಕೇಬಲ್ಲಿಗೆ ಮನೆಯೊಳಗಿನ ದೂರ ಲೆಕ್ಕಕ್ಕೇ ಇಲ್ಲ.

ಕಲ್ಲಿಗೆ ತೂತು ಕೊರೆಯೋದು ಅಂದ ಕೂಡಲೇ ಮನೆಯವರು ಬೇಡ ಅನ್ನುತ್ತಾರೆ. ಕಲ್ಲಿಗೆ ಕೊರೆಯಬೇಕಿಲ್ಲ. ಎರಡು ಕಲ್ಲಿನ ನಡುವಿನ ಗಾರೆ ಸಂದಿಯಲ್ಲಿ ಹ್ಯಾಮರ್ ಡ್ರಿಲ್ಲಿಗೆ 10 ಎಂಎಂ ಉದ್ದ ಬಿಟ್ ಹಾಕಿ ಕೊರೆಯಿರಿ. ಹೊರಗೋಡೆಯಾದರೆ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ, ಮಳೆ ನೀರು ಒಳಗೆ ಬರೋದಿಲ್ಲ. ಮೊದಲು ಬರೀ ಕೇಬಲ್ ತೂರಿಸಿ, ಆಮೇಲೆ ಜ್ಯಾಕ್ ಕ್ರಿಂಪ್ ಮಾಡಿ. ಜ್ಯಾಕ್ ಹಾಕಿಯೇ ಬಂದ ರೆಡಿ ಕೇಬಲ್ ತೂರಿಸಬೇಕಾದರೆ 16 ಎಂಎಂ ತೂತು ಬೇಕು. ಕಿಟಕಿ ಚೌಕಟ್ಟಿನ ಮೂಲೆ ಸಿಕ್ಕರೆ ಅದೇ ವಾಸಿ, ಕಿಟಕಿ ಬಾಗಿಲು ಕೇಬಲ್ಲನ್ನು ಅದುಮದಂತೆ ನೋಡಿಕೊಳ್ಳಿ.

ಜ್ಯಾಕಿನ ಕೊಂಡಿ ಕೆಳಗೆ, ಚಿನ್ನದ ಕಡ್ಡಿಗಳು ಮೇಲೆ, ತಂತಿ ತೂರುವ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದಾಗ ಎಡದಿಂದ ಬಣ್ಣಗಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಟೀವಿಯ 100 ಎಂಬಿಪಿಎಸ್ ನಡೆಯೋದು 1, 2, 3, 6ನೇ ತಂತಿಗಳಲ್ಲಿ. ಅಂದರೆ ಕಿತ್ತಳೆ ಜೋಡಿ, ಹಸಿರು ಜೋಡಿ ಗಟ್ಟಿಯಾಗಿದ್ದರೆ ಟೀವಿ ಓಡುತ್ತದೆ. ಚುಚ್ಚಿದ ಮೇಲೂ ಬಾಕ್ಸಿನ ಪೋರ್ಟ್ ದೀಪ ಹತ್ತದಿದ್ದರೆ ಈ ನಾಲ್ಕನ್ನು ಮೊದಲು ಅನುಮಾನಿಸಿ. ಹಸಿರು ಜೋಡಿಯನ್ನು ಬಿಡಿಸಿ ನೀಲಿಯ ಆಚೀಚೆ ಕೂರಿಸಬೇಕಾಗಿರುವುದರಿಂದ ತಪ್ಪಾಗೋದು ಹೆಚ್ಚಾಗಿ ಅಲ್ಲೇ.

ಕರೆಂಟು ವೈರಿನ ಪೈಪಿನಲ್ಲಿ ಲ್ಯಾನ್ ಕೇಬಲ್ ತೂರಿಸಬೇಡಿ. ಇಲಿ ಓಡಾಡುವ ಅಟ್ಟದ ಮೇಲೆ ಬಿಡಿಬಿಡಿಯಾಗಿ ಹಾಕದೆ ಪಿವಿಸಿ ಪೈಪಿನೊಳಗೆ ಹಾಕಿ. ಹೊರಗೋಡೆಯ ಮೇಲೆ, ತಾರಸಿ ಮೇಲೆ ಎಳೆಯೋದನ್ನು ಆದಷ್ಟು ತಪ್ಪಿಸಿ. ಬಿಸಿಲಿಗೆ ಒಳಾಂಗಣದ ಕೇಬಲ್ಲಿನ ಹೊರಸಿಪ್ಪೆ ಒಡೆಯುತ್ತದೆ. ಅದಕ್ಕಿಂತ ಮುಖ್ಯ, ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಹೊರಗಿನ ತಾಮ್ರದ ತಂತಿ ಅದನ್ನು ಟೀವಿಯ ಪೋರ್ಟಿಗೂ ಬಾಕ್ಸಿಗೂ ಸಾಗಿಸುತ್ತದೆ. ಹೊರಗೆ ಎಳೆದೇ ಇದ್ದರೆ ಗುಡುಗುವಾಗ ಎರಡೂ ಕಡೆ ಕಿತ್ತುಬಿಡಿ.

ಟೀವಿ ಕೇಬಲ್ಲಿನಲ್ಲಿ, ಫೋನು ವೈಫೈಯಲ್ಲಿ ಇದ್ದರೆ ಕಾಸ್ಟ್ (ಫೋನಿನ ವಿಡಿಯೊವನ್ನು ಟೀವಿಗೆ ಕಳಿಸೋದು) ಆಗುತ್ತದಾ ಅಂತ ಕೇಳುತ್ತಾರೆ. ಎರಡೂ ಒಂದೇ ಬಾಕ್ಸಿನವಾದರೆ ಆಗುತ್ತದೆ. ಫೋನು ಗೆಸ್ಟ್ ವೈಫೈಯಲ್ಲಿದ್ದರೆ ಆಗೋದಿಲ್ಲ.

ರಿಪೀಟರ್, ಮೆಶ್, ಹಳೇ ರೌಟರ್

ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ನಮಗೆ ಇಷ್ಟವಾಗಲಿಲ್ಲ. ಒಂದೇ ಬ್ಯಾಂಡಿನ ರಿಪೀಟರ್ ಕೇಳಿದ್ದನ್ನೇ ಅದೇ ಅಲೆಯಲ್ಲಿ ಮತ್ತೆ ಹೇಳಬೇಕು, ವೇಗ ಅರ್ಧಕ್ಕೆ ಇಳಿಯುತ್ತದೆ. ಎಲ್ಲರೂ ಅದನ್ನು ಟೀವಿ ಪಕ್ಕದಲ್ಲೇ ಚುಚ್ಚುತ್ತಾರೆ, ಸಿಗ್ನಲ್ಲೇ ಇಲ್ಲದ ಜಾಗದಲ್ಲಿ ನಿಂತು ಅದು ಏನನ್ನು ತಾನೇ ಮುಂದೆ ದಾಟಿಸೀತು? ಬಾಕ್ಸಿನ ಸಿಗ್ನಲ್ -60ರ ಆಸುಪಾಸಿನಲ್ಲಿ ಇನ್ನೂ ಗಟ್ಟಿಯಾಗಿರುವ, ಬಾಗಿಲಿಗೆ ಎದುರಾದ ನಡುಮನೆಯ ಪ್ಲಗ್ ಪಾಯಿಂಟ್ ಅದರ ಜಾಗ. ಮೆಶ್ (ಒಂದೇ ವೈಫೈಯನ್ನು ಮನೆಯಿಡೀ ಹಂಚುವ ಡಬ್ಬಿಗಳ ಸೆಟ್) ಒಳ್ಳೆಯದು, ಬ್ಲಾಕ್ ಗೋಡೆಯ ಎರಡು ಮಹಡಿ ಮನೆಗೆ ತಕ್ಕದ್ದು. ಕಲ್ಲುಮನೆಯಲ್ಲಿ ಎರಡು ಮೆಶ್ ಡಬ್ಬಿಗಳ ನಡುವೆ ಕೇಬಲ್ ಎಳೆಯದಿದ್ದರೆ ಅದಕ್ಕೂ ಕಲ್ಲು ಕಲ್ಲೇ, ದುಡ್ಡು ದಂಡ.

ಕೇಬಲ್ ಹೇಗೂ ಎಳೆಯುವುದಾದರೆ ಮೂಲೆಯಲ್ಲಿ ಬಿದ್ದಿರುವ ಹಳೇ ರೌಟರೇ ಸಾಕು. ಅದರ ವಿಳಾಸ 192.168.1.2 ಮಾಡಿ (ಬಾಕ್ಸ್ 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಸಾಮಾನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಬಾಕ್ಸಿನಿಂದ ಬಂದ ಕೇಬಲ್ಲನ್ನು ವ್ಯಾನ್ (WAN) ಪೋರ್ಟಿಗಲ್ಲ, ಲ್ಯಾನ್ (LAN) ಪೋರ್ಟಿಗೆ ಚುಚ್ಚಿ. ಟೀವಿಗೆ ಇನ್ನೊಂದು ಪೋರ್ಟಿನಿಂದ ತುಂಡು ಕೇಬಲ್, ಆ ಕೋಣೆಯ ಫೋನುಗಳಿಗೆ ಹೊಸ ವೈಫೈ. ಡಿಎಚ್‌ಸಿಪಿ ಆಫ್ ಮಾಡೋದು ಮರೆತರೆ ಎರಡೂ ಡಬ್ಬಿ ವಿಳಾಸ ಹಂಚೋಕೆ ಹೊರಟು ಮನೆಯ ಅರ್ಧ ಸಾಮಾನಿಗೆ ನೆಟ್ ಹೋಗುತ್ತದೆ.

ಕರೆಂಟು ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಜೋಡಿಯನ್ನು ನೆಚ್ಚಿಕೊಳ್ಳಲಾಗದು. ಎರಡೂ ಒಂದೇ ಫೇಸಿನಲ್ಲಿರಬೇಕು, ನೇರ ಗೋಡೆಯ ಸಾಕೆಟ್ಟಿನಲ್ಲಿರಬೇಕು, ಸ್ಪೈಕ್ ಗಾರ್ಡಿನಲ್ಲಿ ಕೂಡದು. ಒಂದು ಮೇನ್ ಲೈನಿನಲ್ಲಿ, ಇನ್ನೊಂದು ಯುಪಿಎಸ್ ಲೈನಿನಲ್ಲಿದ್ದರೆ ಮಾತೇ ಆಡೋದಿಲ್ಲ. ಸಂಪಿನ ಮೋಟರ್ ಹಾಕಿದಾಗ ವೇಗ ಕುಸಿಯುತ್ತದೆ.

2.4 ಮಾತ್ರ ಇರುವ ಟೀವಿ, ಫೈಬರ್ ಇಲ್ಲದ ಊರು

ಹಳೇ 32 ಇಂಚಿನ ಟೀವಿಯನ್ನು ಬದಲಾಯಿಸುವ ಮೊದಲು ಎಚ್‌ಡಿಎಂಐಗೆ ಚುಚ್ಚುವ ಸ್ಟಿಕ್ ನೋಡಿ. 5 ಗಿಗಾಹರ್ಟ್ಸ್ ಸಿಗುತ್ತದೆ, ಆಪ್‌ಗಳೂ ಹೊಸದಾಗುತ್ತವೆ. ಡಬ್ಬಿಯಲ್ಲಿ ಬರುವ ಗೇಣುದ್ದದ ಎಚ್‌ಡಿಎಂಐ ತುಂಡನ್ನು ಎಸೆಯಬೇಡಿ, ಅದು ಸ್ಟಿಕ್ಕನ್ನು ಟೀವಿಯ ತಗಡಿನ ಬೆನ್ನಿನಿಂದ ಆಚೆ ತಂದು ಸಿಗ್ನಲ್ ಏರಿಸುತ್ತದೆ. ಕರೆಂಟನ್ನು ಟೀವಿಯ ಯುಎಸ್‌ಬಿಯಿಂದ ಕೊಟ್ಟರೆ ಸಾಲದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗಬಹುದು, ಅದರದ್ದೇ ಅಡಾಪ್ಟರ್ ಬಳಸಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಫೈಬರ್ ಬಾರದ ಹಳ್ಳಿಯಲ್ಲಿ ಫೋನಿನ ಹಾಟ್‌ಸ್ಪಾಟೇ ಗತಿ. ಟೀವಿ ಹಳೆಯದಾದರೆ ಹಾಟ್‌ಸ್ಪಾಟ್ ಬ್ಯಾಂಡನ್ನು 2.4ಕ್ಕೆ ಇಡಿ, ಐಫೋನಿನಲ್ಲಾದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಫೋನು ಟವರ್ ಸಿಗುವ ಕಿಟಕಿಯ ಬಳಿ ಇರಲಿ, ಬಿಸಿಲಿನಲ್ಲಿ ಬೇಡ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಎಚ್‌ಡಿ ಗಂಟೆಗೆ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ತಿನ್ನುತ್ತದೆ. ದಿನಕ್ಕೆ 2 ಜಿಬಿ ಪ್ಲಾನಿನವರು ಆಪಿನಲ್ಲೇ ಗುಣಮಟ್ಟ ಇಳಿಸದಿದ್ದರೆ ಅರ್ಧ ಸಿನಿಮಾಕ್ಕೆ ಡೇಟಾ ಖಾಲಿ.

ಕರೆಂಟು ಹೋಗಿ ಬಂದ ಮೇಲೆ

ಯಾವ ದಾರಿ ಹಿಡಿದರೂ ಈ ತಾಪತ್ರಯ ಇದ್ದೇ ಇದೆ. ಟೀವಿ ಬೇಗ ಏಳುತ್ತದೆ, ಫೈಬರ್ ಬಾಕ್ಸ್ ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಟೀವಿ ‘ಇಂಟರ್ನೆಟ್ ಇಲ್ಲ’ ಅಂತ ತೀರ್ಮಾನಿಸಿರುತ್ತದೆ. ಬಾಕ್ಸಿನ ಪಾನ್ (PON) ದೀಪ ಮಿಣುಕದೆ ನಿಂತ ಮೇಲೆ ಟೀವಿ ಆನ್ ಮಾಡಿ. ಲಾಸ್ (LOS) ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಸಿಗ್ನಲ್ಲೇ ಬರುತ್ತಿಲ್ಲ, ಟೀವಿಯ ಸೆಟ್ಟಿಂಗ್ ಮುಟ್ಟಬೇಡಿ. ಬಾಕ್ಸಿಗೆ ಮಿನಿ ಯುಪಿಎಸ್ ಹಾಕಿಬಿಟ್ಟರೆ ಈ ಗೋಳೇ ಇಲ್ಲ. ಕೊಳ್ಳುವ ಮುಂಚೆ ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟೇ, ಎಷ್ಟು ಆಂಪಿಯರ್ ಅಂತ ಓದಿಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು.

ವೈಫೈ ಸರಿಯಿದ್ದು, ಫೋನಿಗೆ ನೆಟ್ ಇದ್ದು, ಟೀವಿಯ ಆಪ್‌ಗಳು ಮಾತ್ರ ತೆರೆಯದಿದ್ದರೆ ಟೀವಿಯ ದಿನಾಂಕ ನೋಡಿ. ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಭದ್ರತಾ ಸರ್ಟಿಫಿಕೇಟ್ ಹೊಂದದೆ ಎಲ್ಲವೂ ನಿಲ್ಲುತ್ತವೆ. ದಿನಾಂಕ, ಸಮಯ ಸರಿಪಡಿಸಿ ಟೀವಿ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ಆಗಲೂ ಆಗದಿದ್ದರೆ ಆ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ, ಅದಕ್ಕೂ ಬಗ್ಗದಿದ್ದರೆ ಟೀವಿಯ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) 8.8.8.8 ಹಾಕಿ. ಫ್ಯಾಕ್ಟರಿ ರೀಸೆಟ್ ಇವೆಲ್ಲ ಮುಗಿದ ಮೇಲೆ.