ನಮ್ಮ ಅಂಗಡಿ ಮುಚ್ಚಿಲ್ಲ! ಪೇಜ್ ಮಾಡಿಕೊಡ್ತೀನಿ ಅಂತ ಬರುವವರ ಬಗ್ಗೆ ಹುಷಾರು

ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರು, ಹೋಂಸ್ಟೇ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೇ ಪೂರ್ತಿ ಲೆಕ್ಕ ಹೇಳಿದ್ದು ಮೊನ್ನೆ.

ನಮ್ಮದು ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಅಂಗಡಿ. ಅಪ್ಪೆಮಿಡಿ ಉಪ್ಪಿನಕಾಯಿಯೇ ಮುಖ್ಯ, ಜೊತೆಗೆ ಹಲಸಿನ ಹಪ್ಪಳ, ಜೋನಿಬೆಲ್ಲ, ಒಣಗಿಸಿದ ಮುರುಗಲು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಯ್ತಲ್ಲ, ಖುಷಿಯೇ, ಇಲ್ಲ ಅನ್ನಲ್ಲ. ಆದರೆ ಮೊದಲು ಲಾಂಚಿಗೆ ಕಾಯಬೇಕು ಅಂತ ಜನ ದಾರಿಯಲ್ಲಿ ಅಲ್ಲಿ ಇಲ್ಲಿ ನಿಲ್ಲಿಸುತ್ತಿದ್ದರು, ಕಾಲು ಚಾಚಿ ಕೂತು ಎರಡು ಬಾಟ್ಲಿ ತಗೊಂಡು ಹೋಗುತ್ತಿದ್ದರು. ಈಗ ಕಾರು ಜಾಸ್ತಿ, ನಿಲ್ಲಿಸುವವರು ಕಡಿಮೆ. ಆನ್‌ಲೈನಲ್ಲಿ ಹೆಸರು ಕಂಡರೆ ನಿಲ್ಲಿಸ್ತಾರೇನೋ ಅಂತ ನಾನೇ ಯೋಚನೆ ಮಾಡುತ್ತಿದ್ದೆ. ಅದೇ ಸಮಯಕ್ಕೆ ಸರಿಯಾಗಿ ಇವನು ಬಂದ.

ಅಕ್ಟೋಬರ್ ತಿಂಗಳು. ಬೈಕಿನಲ್ಲಿ ಬಂದ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು, ಕೊರಳಲ್ಲಿ ಐಡಿ ಕಾರ್ಡ್. "ಅಕ್ಕ, ನಿಮ್ಮ ಕೈರುಚಿ ಬೆಂಗಳೂರಿಗೆ ಗೊತ್ತಾಗ್ಬೇಕು" ಅಂದ. ಮಜ್ಜಿಗೆ ಕೊಟ್ಟೆ. ಒಂದು ಮಿಡಿ ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚಿದ. ನಾನು ಅಲ್ಲೇ ಬಿದ್ದೆ ಅನ್ಸುತ್ತೆ. ಶಿವಮೊಗ್ಗದಲ್ಲಿ ಆಫೀಸ್ ಇದೆ, ಸುಮಾರು ಹೋಂಸ್ಟೇಗಳಿಗೆ ನಾವೇ ಮಾಡ್ತಾ ಇರೋದು ಅಂತ ಮೊಬೈಲ್‌ನಲ್ಲಿ ತೋರಿಸಿದ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕೋದು, ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ ಎಲ್ಲಾ ಸೇರಿ ಶುರುವಿಗೆ 6,000. ಅದರಲ್ಲಿ "ಗೂಗಲ್ ರಿಜಿಸ್ಟ್ರೇಷನ್ ಫೀಸು" ಅಂತಲೇ 2,500. ಆಮೇಲೆ ತಿಂಗಳಿಗೆ 3,500. ಆಡ್‌ಗೆ ಬೇರೆ.

ಗೂಗಲ್‌ನಲ್ಲಿ ಅಂಗಡಿ ಹಾಕೋಕೆ ಒಂದು ಪೈಸೆ ಇಲ್ಲ ರೀ! ಪೂರ್ತಿ ಫ್ರೀ. ಇದು ನನಗೆ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ.

ಒಟಿಪಿ ಬರುತ್ತೆ ಅಂತ ನಾನು ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. "ಬೇಡ ಅಕ್ಕ, ನಿಮಗ್ಯಾಕೆ ತಲೆನೋವು, ನಮ್ಮ ಆಫೀಸ್ ಮೇಲ್‌ನಿಂದಲೇ ಮಾಡಿಬಿಡ್ತೀನಿ" ಅಂದ. ನೋಡಿ, ಒಟಿಪಿ ಕೇಳಿದವರು ಕಳ್ಳರು ಅಂತ ನಮಗೆಲ್ಲ ಗೊತ್ತು. ಇವನು ಒಟಿಪಿ ಬೇಡ ಅಂದ. ಅದಕ್ಕೇ ನಂಬಿದೆ. ಎಂತ ಬುದ್ಧಿ ನನ್ನದು!

ತಿಂಗಳ ಕೊನೆಗೆ ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಿದ್ದ, "ಗ್ರೋತ್ ರಿಪೋರ್ಟ್" ಅಂತೆ. ಎರಡೇ ತಿಂಗಳಿಗೆ 5,000 ಫಾಲೋವರ್ಸ್. ನಮ್ಮ ನಾದಿನಿಗೆ, ಪಕ್ಕದ ಮನೆಯವರಿಗೆ, ಅಡಿಕೆ ಕೊನೆ ಕೊಯ್ಲಿಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆರ್ಡರ್ ಮಾತ್ರ ಐದು ತಿಂಗಳಲ್ಲಿ ಮೂರು, ಅದರಲ್ಲಿ ಒಂದು ನಮ್ಮ ಅತ್ತಿಗೆಯದು. ಕೇಳಿದರೆ "ಅಕ್ಕ, ಆರ್ಗ್ಯಾನಿಕ್ ರೀಚ್ ಕಮ್ಮಿ ಆಗಿದೆ" ಅಂದ. ಮಿಡಿ ವಿಷಯ ಕೇಳ್ತಿದ್ದಾನೆ ಅಂದ್ಕೊಂಡು "ಇಲ್ಲಪ್ಪ, ಎಲ್ಲಾ ಕಾಡುಮರದ್ದು, ಔಷಧಿ ಹೊಡೆಯಲ್ಲ" ಅಂದೆ. ಅವನು ನಗಲಿಲ್ಲ. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತೆ, ಅಳುವೂ ಬರುತ್ತೆ. ಆರ್ಗ್ಯಾನಿಕ್ ರೀಚ್ ಅಂದರೆ ದುಡ್ಡು ಹಾಕದೇನೇ ಪೋಸ್ಟ್ ಎಷ್ಟು ಜನಕ್ಕೆ ತಲುಪುತ್ತೆ ಅನ್ನೋದು. ಅದು ಕಮ್ಮಿ ಅಂದರೆ ಆಡ್ ಹಾಕಿ ಅಂತ ಅರ್ಥ. ಹಾಕಿದೆ, ಎರಡು ಸಲ, 4,000 ದಂತೆ. ರಸೀದಿ ಕೊಡು ಅಂದರೆ "ಫೇಸ್‌ಬುಕ್‌ನವರು ರಸೀದಿ ಕೊಡಲ್ಲ ಅಕ್ಕ". ಸುಳ್ಳು. ಆಡ್ ಅಕೌಂಟಿನ ಬಿಲ್ಲಿಂಗ್‌ನಲ್ಲಿ ಯಾವ ದಿನ ಎಷ್ಟು ಕಟ್ ಆಯ್ತು ಅಂತ ಎಲ್ಲಾ ಇರುತ್ತೆ, ಡೌನ್‌ಲೋಡ್ ಮಾಡಬಹುದು.

ಫೆಬ್ರವರಿ ಕೊನೆಯಿಂದ ನಮಗೆ ಮಿಡಿ ಕೆಲಸ. ತೊಟ್ಟು ಬಿಡದ ಹಾಗೆ ಆರಿಸಬೇಕು, ಸೊನೆ ತಾಗಿ ಕೈಯೆಲ್ಲ ಉರಿ, ಉಪ್ಪಿಗೆ ಹಾಕಿ ದಿನಾ ಭರಣಿ ಕುಲುಕಬೇಕು. ಫೋನ್ ನೋಡೋಕೆ ಪುರುಸೊತ್ತು ಎಲ್ಲಿ? ಮಾರ್ಚ್‌ನಲ್ಲಿ, ಇನ್ನು ಸಾಕಪ್ಪ, ಮುಂದಿನ ತಿಂಗಳಿಂದ ಬೇಡ ಅಂತ ಹೇಳಿದೆ. "ಓಕೆ ಅಕ್ಕ" ಅಂದ. ಅಷ್ಟೇ. ಜಗಳ ಇಲ್ಲ, ಏನಿಲ್ಲ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಗಂಡ ಹೆಂಡತಿ ನೀರು ಕೇಳಿಕೊಂಡು ಬಂದರು. ಸಿಗಂದೂರಿಂದ ವಾಪಸ್ ಹೋಗುತ್ತಿದ್ದವರು. ಆ ಹೆಂಗಸು ಬೋರ್ಡು ನೋಡಿ "ಅಯ್ಯೋ, ನೀವು ಮುಚ್ಚಿಬಿಟ್ಟಿದ್ದೀರಿ ಅಂತ ಇತ್ತಲ್ಲ, ಬೆಳಿಗ್ಗೆ ಅದಕ್ಕೇ ನಿಲ್ಲಿಸಲಿಲ್ಲ" ಅಂದರು. ನನಗೆ ಅರ್ಥ ಆಗಲಿಲ್ಲ. ಅವರೇ ಫೋನ್ ತೆಗೆದು ತೋರಿಸಿದರು. ನಮ್ಮ ಅಂಗಡಿ ಹೆಸರು, ನಮ್ಮ ಭರಣಿಗಳ ಫೋಟೋ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ "ಶಾಶ್ವತವಾಗಿ ಮುಚ್ಚಲಾಗಿದೆ". ಬಾಗಿಲು ತೆಗೆದು ಕೂತಿರುವ ಅಂಗಡಿಯಲ್ಲಿ ನಿಂತು ಅದನ್ನು ಓದೋದು ಇದೆಯಲ್ಲ... ಕೈಯಲ್ಲಿ ಮಸಾಲೆ ಹಾಗೇ ಇತ್ತು, ಅವರ ಫೋನಿಗೆ ಅರಿಶಿನ ಮೆತ್ತಿತು.

ಆ ಹುಡುಗನಿಗೆ ವಾಟ್ಸಾಪ್ ಮಾಡಿದೆ. ನಾಲ್ಕು ಗಂಟೆ ಬಿಟ್ಟು ಉತ್ತರ ಬಂತು. ಇದ್ದದ್ದು ಇದ್ದ ಹಾಗೆ ಹಾಕ್ತೀನಿ.

"ಮೇಡಂ, ನಿಮ್ಮ ಪ್ಯಾಕೇಜ್ ಎಕ್ಸ್‌ಪೈರ್ ಆಗಿದೆ."

ಐದು ತಿಂಗಳು ಅಕ್ಕ ಅಂದವನು ಒಂದೇ ದಿನಕ್ಕೆ ಮೇಡಂ ಅಂದ!

ಪ್ಯಾಕೇಜ್ ಮುಗಿದರೆ ಮುಗೀಲಿ, ಅಂಗಡಿ ಯಾಕಪ್ಪ ಮುಚ್ಚಿದೆ ಅಂದರೆ "ಸಿಸ್ಟಮ್ ಆಟೋಮ್ಯಾಟಿಕ್ ಆಗಿ ಮಾಡುತ್ತೆ ಮೇಡಂ". ಅಂಗಡಿ ನನ್ನದು ಕಣಪ್ಪ ಅಂದೆ. ಅದಕ್ಕೆ ಬಂದ ಉತ್ತರ: "ಅಂಗಡಿ ನಿಮ್ಮದೇ ಮೇಡಂ, ಲಿಸ್ಟಿಂಗ್ ನಮ್ಮದು." ಲಿಸ್ಟಿಂಗ್ ಅಂದರೆ ಗೂಗಲ್‌ನಲ್ಲಿ ನಮ್ಮ ಅಂಗಡಿ ಹೆಸರು, ಫೋಟೋ, ನಂಬರ್ ಕಾಣಿಸುವ ಪುಟ. ವಾಪಸ್ ಬೇಕಾದರೆ "ರಿಲೀಸ್ ಚಾರ್ಜ್" 8,000, ಮೇಲೆ ಜಿಎಸ್‌ಟಿ. ಅಲ್ಲಿವರೆಗೆ ಒಂದು ಬಿಲ್ ಹರಿದು ಕೊಟ್ಟವನಲ್ಲ, ಅವನಿಗೆ ಜಿಎಸ್‌ಟಿ ಬೇಕಂತೆ.

ಲಿಸ್ಟಿಂಗ್ ನಮ್ಮದು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನಲ್ಲಿ ಓದುವ ಮಗಳು ಬಂದು ನೋಡಿದಳು. ಗೂಗಲ್‌ನಲ್ಲಿ ಓನರ್ ಅಂತ ಅವನ ಮೇಲ್ ಐಡಿ. ಫೇಸ್‌ಬುಕ್ ಪೇಜಿನಲ್ಲಿ ಫುಲ್ ಕಂಟ್ರೋಲ್ ಅವನದು, ನನಗೆ ಬರೀ ಮೆಸೇಜ್ ನೋಡುವಷ್ಟು. ಫೋನ್ ನಂಬರ್ ಜಾಗದಲ್ಲೂ ಅವನದೇ ನಂಬರ್. ಅಂದರೆ ಅಷ್ಟು ದಿನ ಅದನ್ನು ನೋಡಿ ಯಾರು ಫೋನ್ ಮಾಡಿದರೂ ಅವನಿಗೆ ಹೋಗಿದೆ. ಆ ಆರ್ಡರ್ ಬೇರೆಯವರಿಗೆ ದಾಟಿಸಿದನೋ, ಎತ್ತಲೇ ಇಲ್ಲವೋ, ದೇವರೇ ಬಲ್ಲ. ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿ ಅವಳು "ಅಮ್ಮ, ಇಲ್ಲಿ ಕೆಳಗೆ ಊರುಗಳ ಹೆಸರಿದೆ, ನೋಡಿದ್ಯಾ?" ಅಂದಳು. ಜಕಾರ್ತ, ಢಾಕಾ, ಮನಿಲಾ. ಸಾಗರ ಇಲ್ಲ, ಶಿವಮೊಗ್ಗ ಇಲ್ಲ, ಬೆಂಗಳೂರೂ ಇಲ್ಲ. ದುಡ್ಡು ಕೊಟ್ಟು ತಂದ ಫಾಲೋವರ್ಸ್. ನಾನು ಊರಿಗೆಲ್ಲ ತೋರಿಸಿದ್ದು ಇದನ್ನೇ.

ಒಟ್ಟು 31,500. ಬಾಟ್ಲಿಗೆ 70 ರೂಪಾಯಿ ಉಳಿಯುತ್ತೆ ನಮಗೆ, ಅಂದರೆ 450 ಬಾಟ್ಲಿ ಸುಮ್ನೆ ಕೊಟ್ಟ ಹಾಗಾಯ್ತು. ಕಾರ್ಡಿನಲ್ಲಿದ್ದ ವಿಳಾಸ ಹುಡುಕಿಕೊಂಡು ಮನೆಯವರು ಶಿವಮೊಗ್ಗಕ್ಕೆ ಹೋಗಿದ್ದರು. ಮಹಡಿ ಮೇಲೆ ಶಟರ್ ಎಳೆದಿತ್ತು. ಕೆಳಗಿನ ಜೆರಾಕ್ಸ್ ಅಂಗಡಿಯವರು "ನೀವು ಈ ತಿಂಗಳಲ್ಲಿ ನಾಲ್ಕನೆಯವರು" ಅಂದರಂತೆ.

ಗೂಗಲ್ ಮಾತ್ರ ವಾಪಸ್ ಸಿಕ್ಕಿತು. ಪ್ರೊಫೈಲಿನ ಓನರ್‌ಶಿಪ್ ಕೇಳಿ ರಿಕ್ವೆಸ್ಟ್ ಹಾಕಬಹುದು, ಅವನಿಗೆ ಉತ್ತರ ಕೊಡೋಕೆ 3 ದಿನ ಇರುತ್ತೆ. ಅವನು ಕೊಡಲಿಲ್ಲ. ಆಮೇಲೆ ವಿಡಿಯೋ ಕೇಳಿದರು. ರಸ್ತೆಯಿಂದ ಶುರು ಮಾಡಿ ಬೋರ್ಡು, ನಾನು ಬೀಗ ತೆಗೆಯೋದು, ಒಳಗೆ ಭರಣಿ, ಲೈಸೆನ್ಸ್, ಎಲ್ಲಾ ಒಂದೇ ಸಲಕ್ಕೆ ತೆಗೆದು ಕಳಿಸಿದೆವು. ಮೊದಲನೇ ಸಲ ನಮ್ಮ ನಾಯಿ ಅಡ್ಡ ಬಂತು, ಎರಡನೇ ಸಲ ತೆಗೆದಿದ್ದು ಪಾಸ್ ಆಯ್ತು. ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ ಇನ್ನೂ ಅವನ ಹತ್ತಿರವೇ ಇವೆ. ಅಲ್ಲಿಗೆ ದುಡ್ಡು ಕಳಿಸಬೇಡಿ, ಅದು ನಾವಲ್ಲ.

ಇಷ್ಟು ಸಾಲದು ಅಂತ, ಪೇಜ್ ಹೋಯ್ತು ಅಂತ ಮಗಳು ಒಂದು ಕಡೆ ಬರೆದಿದ್ದೇ ತಡ, "ಮೆಟಾ ಸಪೋರ್ಟ್" (ಮೆಟಾ ಅಂದರೆ ಫೇಸ್‌ಬುಕ್ ಕಂಪನಿ) ಅಂತ ಹೆಸರು ಹಾಕಿಕೊಂಡವನು ಮೆಸೇಜ್ ಮಾಡಿದ. 1,500 ಕೊಡಿ, ಫೋನಿಗೆ ಎನಿಡೆಸ್ಕ್ ಅನ್ನೋ ಆಪ್ ಹಾಕಿ, ವಾಪಸ್ ತಂದುಕೊಡ್ತೀನಿ ಅಂತ. ಬಿದ್ದವರ ಮೇಲೆ ಇನ್ನೊಂದು ಕಲ್ಲು. ಅದನ್ನು ಹಾಕಿದರೆ ಅವನು ಅಲ್ಲಿ ಕೂತು ನಿಮ್ಮ ಸ್ಕ್ರೀನ್ ನೋಡ್ತಾನೆ, ಬ್ಯಾಂಕ್ ಮೆಸೇಜ್ ಸಮೇತ. ಹಾಕಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನೂ ಮಾಡಿದೆ, ಕಂಪ್ಲೇಂಟ್ ನಂಬರ್ ಬಂದಿದೆ, ಆದರೆ ನನ್ನದು ಕೈಯಾರೆ ತಿಂಗಳು ತಿಂಗಳು ಕೊಟ್ಟ ದುಡ್ಡು, ಆಸೆ ಇಟ್ಟುಕೊಂಡಿಲ್ಲ.

ಕೆಲಸ ಯಾರ ಕೈಲಾದರೂ ಮಾಡಿಸಿ, ಎಲ್ಲರೂ ಕಳ್ಳರಲ್ಲ. ಆದರೆ ಅಕೌಂಟ್ ನಿಮ್ಮ ಮೇಲ್, ನಿಮ್ಮ ನಂಬರಿನಲ್ಲೇ ಓಪನ್ ಆಗಲಿ. ಗೂಗಲ್‌ನಲ್ಲಿ ಅವರನ್ನು ಮ್ಯಾನೇಜರ್ ಅಂತ ಸೇರಿಸಿ, ಓನರ್ ಮಾತ್ರ ನೀವೇ ಆಗಿರಿ, ಬೇಡ ಅಂದ ದಿನ ತೆಗೆದುಹಾಕಬಹುದು. ಮಜ್ಜಿಗೆ ಬೇಕಾದರೆ ಕೊಡಿ, ಪರವಾಗಿಲ್ಲ.

ಇದನ್ನು ಬರೀತಾ ಕೂತಿದ್ದಾಗಲೇ ಅವನ ನಂಬರಿನಿಂದ ಒಂದು ಮೆಸೇಜ್ ಬಂತು. "ನಮಸ್ತೆ ಅಕ್ಕ, ನಿಮ್ಮ ಬಿಸಿನೆಸ್ ಆನ್‌ಲೈನಲ್ಲಿ ಬೆಳೆಸಬೇಕಾ? ಈ ವಾರ ಮಾತ್ರ ಸ್ಪೆಷಲ್ ಆಫರ್." ಎಲ್ಲರಿಗೂ ಒಟ್ಟಿಗೆ ಕಳಿಸುವ ಲಿಸ್ಟಿನಿಂದ ನನ್ನ ನಂಬರ್ ತೆಗೆಯೋಕೂ ಮರೆತಿದ್ದಾನೆ.