ವಿದ್ಯುತ್ ಕಾರಿನ ಹಿಂದೆ ಸೈಕಲ್ ರ‍್ಯಾಕ್: ಕೊಳ್ಳುವ ಮುನ್ನ ಚಾರ್ಜಿಂಗ್ ಪೋರ್ಟ್ ಎಲ್ಲಿದೆ ನೋಡಿ

ಕಾರಿನ ಹಿಚ್‌ಗೆ (ಟ್ರೇಲರ್ ಎಳೆಯಲೆಂದು ಹಿಂದೆ ಕೂಡಿಸುವ ಕೊಂಡಿ) ಸಿಕ್ಕಿಸುವ ಸೈಕಲ್ ರ‍್ಯಾಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ವಿಷಯ ವಿಚಾರಿಸುತ್ತಾರೆ: ಎಷ್ಟು ಸೈಕಲ್ ಹಿಡಿಸುತ್ತದೆ, ರೇಂಜ್ (ಒಂದು ಚಾರ್ಜಿನಲ್ಲಿ ಕಾರು ಓಡುವ ದೂರ) ಎಷ್ಟು ಇಳಿಯುತ್ತದೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮಳೆ ಬಿಸಿಲೆನ್ನದೆ ಕೆಲವು ವರ್ಷ ಈ ರ‍್ಯಾಕ್ ಬಳಸಿದ ಮೇಲೆ, ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರ ಕಾರಿನ ಚಾರ್ಜಿಂಗ್ ಪೋರ್ಟ್, ಅಂದರೆ ಚಾರ್ಜರಿನ ಕೇಬಲ್ ಸಿಕ್ಕಿಸುವ ಕಿಂಡಿ, ಯಾವ ಮೂಲೆಯಲ್ಲಿದೆ ಎಂಬುದನ್ನು. ನನ್ನ ಕಾರಿನಲ್ಲಿ ಅದು ಹಿಂಬದಿಯ ಮೂಲೆಯಲ್ಲಿದೆ. ಈ ವಿಮರ್ಶೆಯ ಬಹುಪಾಲು ಆ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ನನ್ನದು ಎರಡು ಸೈಕಲ್‌ಗಳನ್ನು ಚಕ್ರದ ತಟ್ಟೆಗಳ ಮೇಲೆ ನಿಲ್ಲಿಸಿಕೊಳ್ಳುವ ಬಗೆಯ ರ‍್ಯಾಕ್. ಸೈಕಲ್‌ಗಳನ್ನು ಫ್ರೇಮ್ ಹಿಡಿದು ತೂಗುಹಾಕುವ ರ‍್ಯಾಕ್ ಇದಕ್ಕಿಂತ ಹಗುರ, ಬೆಲೆಯೂ ಕಡಿಮೆ. ಆದರೂ ಅದನ್ನು ಬಿಟ್ಟಿದ್ದಕ್ಕೆ ಕಾರಣ ಮನೆಯಲ್ಲಿರುವ ಎರಡು ಸೈಕಲ್‌ಗಳು. ಒಂದು 25 ಕಿಲೋ ಹತ್ತಿರ ತೂಗುವ ಬ್ಯಾಟರಿ ಸೈಕಲ್. ಅದನ್ನು ಎದೆಯ ಮಟ್ಟಕ್ಕೆ ಎತ್ತಿ ತೂಗುಹಾಕುವುದು ನನ್ನ ಬೆನ್ನಿಗೆ ಆಗದ ಕೆಲಸ. ಇನ್ನೊಂದರ ಫ್ರೇಮ್ ಕಾರ್ಬನ್ನಿನದು, ಅದನ್ನು ನಡುವೆ ಹಿಡಿದು ಬಿಗಿಯಲು ಮನಸ್ಸು ಬರುವುದಿಲ್ಲ. ತಟ್ಟೆಯ ರ‍್ಯಾಕ್‌ನಲ್ಲಿ ಒತ್ತು ಬೀಳುವುದು ಮುಂದಿನ ಟೈರಿನ ಮೇಲೆ ಮಾತ್ರ, ಫ್ರೇಮಿಗೆ ಲೋಹ ತಗಲುವುದೇ ಇಲ್ಲ. ಹಿಚ್ ಕೂಡಿಸುವುದಕ್ಕೇ ಕೈಯಲ್ಲಿದ್ದ ಹಣದಲ್ಲಿ ಒಂದು ದೊಡ್ಡ ಪಾಲು ಹೋಗಿದ್ದರಿಂದ ರ‍್ಯಾಕ್‌ಗಳಲ್ಲಿ ಮಧ್ಯಮ ದರ್ಜೆಯದನ್ನು ಆರಿಸಿಕೊಂಡೆ. ಸೈಕಲ್ ಹೇರಿಕೊಂಡೇ ಬಾಗಿಲಿನಂತೆ ಪಕ್ಕಕ್ಕೆ ತಿರುಗುವ ದುಬಾರಿ ಮಾದರಿ ನನ್ನ ಅಳವಿಗೆ ಮೀರಿತ್ತು.

ಛಾವಣಿಯ ಮೇಲಿನ ರ‍್ಯಾಕ್ ಅನ್ನು ಏಕೆ ಬೇಡವೆಂದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರಿನ ಹಿಂದೆ ನಿಂತ ಸೈಕಲ್ ಬಹುಮಟ್ಟಿಗೆ ಕಾರಿನ ಮರೆಯಲ್ಲಿರುತ್ತದೆ. ಹ್ಯಾಂಡಲ್ ಮತ್ತು ಚಕ್ರಗಳ ಅಂಚು ಮಾತ್ರ ಗಾಳಿಗೆ ಚಾಚಿಕೊಂಡಿರುತ್ತದೆ. ಛಾವಣಿಯ ಮೇಲಿನ ಸೈಕಲ್ ಪೂರ್ತಿಯಾಗಿ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಪೆಟ್ರೋಲ್ ಎಂಜಿನ್ನು ಹೇಗಿದ್ದರೂ ಇಂಧನದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಶಾಖವಾಗಿ ಕಳೆಯುವುದರಿಂದ ಅಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳದು. ವಿದ್ಯುತ್ ಮೋಟರು ಪೋಲು ಮಾಡುವುದು ತೀರ ಕಡಿಮೆ. ಹೀಗಾಗಿ ಗಾಳಿ ಕಿತ್ತುಕೊಂಡದ್ದೆಲ್ಲ ನೇರವಾಗಿ ಬ್ಯಾಟರಿಯ ಲೆಕ್ಕದಲ್ಲಿ ಕಾಣುತ್ತದೆ.

ಹೊರಡುವ ದಿನದ ಬೆಳಗಿನ ಕೆಲಸ ನನಗೆ ತುಂಬ ಇಷ್ಟ. ರ‍್ಯಾಕ್‌ನ ಕಾಲನ್ನು ಹಿಚ್‌ನ ಚೌಕ ಕೊಳವೆಗೆ ತೂರಿಸಿ, ಅಡ್ಡಪಿನ್ ಹಾಕಿ, ಒಳಗಿನ ಬೆಣೆಯನ್ನು ಅಗಲಿಸುವ ತಿರುಪನ್ನು ಕೈಗೆ ಗಟ್ಟಿ ಹತ್ತುವವರೆಗೆ ಬಿಗಿಯುತ್ತೇನೆ. ಆಮೇಲೆ ರ‍್ಯಾಕ್‌ನ ತುದಿಯನ್ನು ಎರಡೂ ಕೈಗಳಿಂದ ಹಿಡಿದು ಜಗ್ಗಿ ನೋಡುತ್ತೇನೆ: ಇಡೀ ಕಾರು ಸ್ಪ್ರಿಂಗಿನ ಮೇಲೆ ಅಲುಗಿ, ರ‍್ಯಾಕ್ ಮಾತ್ರ ಹಿಚ್‌ನೊಳಗೆ ಅಲುಗದಿದ್ದರೆ ಬಿಗಿತ ಸರಿಯಾಗಿದೆ ಎಂದರ್ಥ. ಮೊದಲು ಬ್ಯಾಟರಿ ಸೈಕಲ್ಲು ಏರಬೇಕು, ಅದೂ ಕಾರಿಗೆ ಹತ್ತಿರದ ತಟ್ಟೆಯ ಮೇಲೆ. ಭಾರ ಹೊರಕ್ಕೆ ಸರಿದಷ್ಟೂ ಹಿಚ್ ಮೇಲಿನ ಎಳೆತ ಹೆಚ್ಚುತ್ತದೆ. ಅದರ ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಡುವುದರಿಂದ ಎತ್ತುವ ತೂಕವೂ ಕೆಲವು ಕಿಲೋ ಇಳಿಯುತ್ತದೆ, ಬ್ಯಾಟರಿಗೆ ಮಳೆಯ ಕಾಟವೂ ತಪ್ಪುತ್ತದೆ. ಎರಡನೆಯ ಸೈಕಲ್ಲನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಮುಖಮಾಡಿ ನಿಲ್ಲಿಸಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ತಾಗುವುದಿಲ್ಲ. ಪೆಡಲ್ಲು ಪಕ್ಕದ ಫ್ರೇಮಿಗೆ ಉಜ್ಜದಂತೆ ತಿರುಗಿಸಿ, ಕೊಕ್ಕೆಯ ತೋಳನ್ನು ಮುಂದಿನ ಟೈರಿನ ಮೇಲೆ ತಂದು ಕೆಳಕ್ಕೆ ಒತ್ತುವಾಗ ಹಲ್ಲುಗಳು ಒಂದೊಂದೇ ಕಟಕಟನೆ ದಾಟುತ್ತವೆ. ಟೈರು ತುಸು ತಗ್ಗಿದಾಗ ಒತ್ತುವುದನ್ನು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಪಟ್ಟಿ ಬಿಗಿದರೆ ಕೆಲಸ ಮುಗಿಯಿತು. ಈ ಕೆಲಸ ಕೈಗೆ ಕೂತಮೇಲೆ ಚಹಾ ಆರುವುದರೊಳಗೆ ಎಲ್ಲ ಸಿದ್ಧವಾಗುತ್ತದೆ.

ವಿದ್ಯುತ್ ಕಾರಿಗೇ ವಿಶೇಷವಾದ ಒಂದು ಅನುಕೂಲ ನನ್ನ ನಿರೀಕ್ಷೆಯಲ್ಲಿರಲಿಲ್ಲ. ಹಳೆಯ ಪೆಟ್ರೋಲ್ ಕಾರಿನಲ್ಲಿ ಸೈಲೆನ್ಸರ್ ಕೊಳವೆಯ ಬಿಸಿ ಹೊಗೆ ನೇರವಾಗಿ ಸೈಕಲ್ ಚಕ್ರಕ್ಕೆ ಬಡಿಯದಂತೆ ಪ್ರತಿಸಲವೂ ಸೈಕಲ್ಲನ್ನು ಅತ್ತಿತ್ತ ಸರಿಸಬೇಕಿತ್ತು. ಟೈರು, ಕಾರ್ಬನ್ ರಿಮ್ಮು ಆ ಬಿಸಿಗೆ ಕೆಡುತ್ತವೆ. ಇಲ್ಲಿ ಸೈಲೆನ್ಸರೂ ಇಲ್ಲ, ಹೊಗೆಯೂ ಇಲ್ಲ. ದೂರ ಓಡಿ ಬಂದ ಮೇಲೂ ರಿಮ್ಮು ಮುಟ್ಟಿದರೆ ತಣ್ಣಗಿರುತ್ತದೆ, ಚೈನಿನ ಮೇಲೆ ಮಸಿ ಕೂರುವುದಿಲ್ಲ. ಆದರೆ ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ರ‍್ಯಾಕ್‌ನ ಸಣ್ಣ ಸಡಿಲವೂ ಕಿವಿಗೆ ಬೀಳುತ್ತದೆ. ತಿರುಪು ಒಂದು ಸುತ್ತು ಕಡಿಮೆಯಾದರೆ ಸಾಕು, ರಸ್ತೆಯ ಪ್ರತಿಯೊಂದು ಉಬ್ಬಿನಲ್ಲೂ ಹಿಂದಿನಿಂದ ಟಕ್ಕೆಂದು ಕೇಳಿಸುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸಡಿಲವಾದದ್ದು ಸಮಯಕ್ಕೆ ತಿಳಿಯುವುದು ಒಳ್ಳೆಯದೇ.

ನನ್ನ ಅಸಮಾಧಾನವಿರುವುದು ಚಾರ್ಜಿಂಗ್ ಜಾಗದ ಬಗ್ಗೆ. ವೇಗದ ಚಾರ್ಜರಿನ ಕೇಬಲ್ಲಿನಲ್ಲಿ ಹರಿಯುವ ಕರೆಂಟು ಭಾರಿ ಪ್ರಮಾಣದ್ದಾದ್ದರಿಂದ ಒಳಗಿನ ತಾಮ್ರ ದಪ್ಪವಿರಬೇಕು. ಹಲವು ಕೇಬಲ್‌ಗಳ ಒಳಗೆ ತಂಪುಗೊಳಿಸುವ ದ್ರವವೂ ಹರಿಯುತ್ತಿರುತ್ತದೆ. ಉದ್ದ ಹೆಚ್ಚಿದಷ್ಟೂ ತೂಕ, ಖರ್ಚು, ಶಕ್ತಿಯ ನಷ್ಟ ಎಲ್ಲವೂ ಹೆಚ್ಚುತ್ತವೆ. ಆದ್ದರಿಂದ ಎಷ್ಟೋ ಕಡೆ ಕೇಬಲ್ಲನ್ನು ಗಿಡ್ಡವಾಗಿಯೇ ಇಡುತ್ತಾರೆ. ಪೋರ್ಟ್ ಹಿಂಬದಿಯಲ್ಲಿರುವ ಕಾರನ್ನು ಚಾರ್ಜರಿನ ಕಂಬದ ಹತ್ತಿರಕ್ಕೆ ರಿವರ್ಸ್ ಮಾಡಿ ನಿಲ್ಲಿಸಬೇಕು. ಸೈಕಲ್ ಹೇರಿದ ರ‍್ಯಾಕ್ ಬಂಪರಿನಿಂದ ಒಂದು ಮೀಟರಿನ ಆಸುಪಾಸು ಹೊರಗೆ ಚಾಚಿರುತ್ತದೆ. ಕೇಬಲ್ಲಿಗೆ ಸಾಲದೆ ಬರುವ ದೂರ ಸರಿಯಾಗಿ ಅಷ್ಟೇ.

ಆಗ ಉಳಿಯುವ ದಾರಿಗಳಲ್ಲಿ ಯಾವುದೂ ಸುಖದ್ದಲ್ಲ. ಸಾಲಿನ ತುದಿಯ ಜಾಗ ಖಾಲಿಯಿದ್ದರೆ ಕಾರನ್ನು ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಕೇಬಲ್ ಎಳೆದುಕೊಳ್ಳಬಹುದು. ತುದಿಯ ಜಾಗ ಸಿಗದಿದ್ದರೆ, ಎರಡು ಕಾರುಗಳ ಜಾಗವನ್ನು ಒಬ್ಬರೇ ಹಿಡಿದು ಉಳಿದವರ ಕೆಂಗಣ್ಣಿಗೆ ಗುರಿಯಾಗಬೇಕು, ಇಲ್ಲವೇ ಸೈಕಲ್‌ಗಳನ್ನು ಇಳಿಸಿ, ಕಂಬಕ್ಕೋ ಬೇಲಿಗೋ ಬೀಗ ಹಾಕಿ, ರ‍್ಯಾಕ್ ಅನ್ನು ಮೇಲಕ್ಕೆ ಮಡಚಿ, ಕಾರನ್ನು ಹಿಂದಕ್ಕೆ ತಂದು ಚಾರ್ಜಿಗೆ ಹಾಕಬೇಕು. ಚಾರ್ಜ್ ಮುಗಿದ ಮೇಲೆ ಇದೆಲ್ಲವನ್ನೂ ತಿರುಗುಮುರುಗಾಗಿ ಮಾಡಬೇಕು. ರಾತ್ರಿಯ ಹೊತ್ತು, ಮಳೆ ಸುರಿಯುತ್ತಿರುವಾಗ, ಕಾರಿನೊಳಗೆ ಮಕ್ಕಳು ನಿದ್ದೆಗೆ ಜಾರಿರುವಾಗ ಈ ಕೆಲಸ ಮಾಡಿದವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ಬೆಳಗಿನ ಕೆಲಸದಲ್ಲಿ ಸಿಕ್ಕ ಸಂತೋಷವೆಲ್ಲ ಅಲ್ಲಿ ಇಂಗಿಹೋಗುತ್ತದೆ.

ರ‍್ಯಾಕ್ ಮಾರುವ ಯಾರೂ ಈ ಮಾತನ್ನು ಎತ್ತುವುದಿಲ್ಲ ಎಂಬುದು ನನ್ನ ಮುಖ್ಯ ದೂರು. ಮಡಚಿದಾಗ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೇಳುತ್ತಾರೆ, ಡಿಕ್ಕಿ ತೆಗೆಯಲು ಎಷ್ಟು ಬಾಗುತ್ತದೆ ಎಂದು ತೋರಿಸುತ್ತಾರೆ. ಸೈಕಲ್ ಹೇರಿ ನಿಂತಾಗ ಬಂಪರಿನಿಂದ ಎಷ್ಟು ಹೊರಗೆ ಚಾಚುತ್ತದೆ ಎಂಬ ಅಳತೆಯನ್ನು ನಾವೇ ಟೇಪು ಹಿಡಿದು ನೋಡಿಕೊಳ್ಳಬೇಕು. ಡಿಕ್ಕಿಗೆಂದು ರ‍್ಯಾಕ್ ಅನ್ನು ಹೊರಕ್ಕೆ ಬಾಗಿಸುವ ಸೌಲಭ್ಯ ಚಾರ್ಜಿಂಗ್ ವೇಳೆ ಏನೂ ಉಪಯೋಗಕ್ಕೆ ಬರುವುದಿಲ್ಲ. ಅದು ಉದ್ದವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಪೋರ್ಟ್ ಎಲ್ಲಿರಬೇಕೆಂಬುದರಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ. ಹಲವು ವರ್ಷ ಮಾರಾಟವಾದ ನಿಸಾನ್ ಲೀಫ್‌ನಲ್ಲಿ ಅದು ಮೂತಿಯ ನಡುವೆ ಇತ್ತು. ಫೋರ್ಡ್ ಮಸ್ಟಾಂಗ್ ಮ್ಯಾಕ್-ಇಯಲ್ಲಿ ಮುಂಭಾಗದ ಎಡ ಮಗ್ಗುಲಲ್ಲಿದೆ. ಹ್ಯುಂಡೈ ಐಯಾನಿಕ್ 5ರಲ್ಲಿ ಹಿಂಬದಿಯ ಬಲಕ್ಕೆ, ಟೆಸ್ಲಾ ಕಾರುಗಳಲ್ಲಿ ಹಿಂಬದಿಯ ಎಡಕ್ಕೆ ಬರುತ್ತದೆ. ಮುಂದೆ ಪೋರ್ಟ್ ಇರುವವರು ಮೂತಿಯನ್ನು ಕಂಬದ ಕಡೆಗೆ ಮಾಡಿ ನಿಲ್ಲಿಸಿದರೆ ಕೇಬಲ್ಲು ಸುಲಭವಾಗಿ ಸಿಗುತ್ತದೆ. ಆದರೆ ಅವರ ಸೈಕಲ್‌ಗಳು ವಾಹನ ಓಡಾಡುವ ದಾರಿಗೆ ಚಾಚಿಕೊಂಡಿರುತ್ತವೆ, ಆಗ ಕಾರಿನ ಬಳಿ ಒಬ್ಬರು ನಿಂತಿರುವುದು ಕ್ಷೇಮ.

ಇನ್ನೆರಡು ಕಿರಿಕಿರಿಗಳಿವೆ, ಅವು ಇಷ್ಟು ದೊಡ್ಡವಲ್ಲ. ಹಿಂಬದಿಯ ಸೆನ್ಸರುಗಳು ರ‍್ಯಾಕ್ ಅನ್ನೇ ಅಡ್ಡ ಬಂದ ವಸ್ತುವೆಂದು ತಿಳಿದು, ರಿವರ್ಸ್ ಗೇರಿಗೆ ಹಾಕಿದೊಡನೆ ಚೀರತೊಡಗುತ್ತವೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯಿರುವ ಕಾರು ಕೆಲವೊಮ್ಮೆ ಗಕ್ಕನೆ ನಿಂತೇಬಿಡುತ್ತದೆ. ಹಿಂದೆ ಟ್ರೇಲರ್ ಇದೆ ಎಂದು ಕಾರಿಗೆ ತಿಳಿಸುವ ಟ್ರೇಲರ್ ಮೋಡ್‌ಗೆ ಹಾಕಿದರೆ ಈ ಗಲಾಟೆ ನಿಲ್ಲುತ್ತದೆ, ಅದರೊಂದಿಗೆ ಚಾಲಕನಿಗೆ ನೆರವಾಗುವ ಬೇರೆ ಕೆಲವು ಸೌಲಭ್ಯಗಳೂ ನಿಲ್ಲಬಹುದು. ಇನ್ನೊಂದು, ಬಂಪರಿನ ಕೆಳಗೆ ಕಾಲಾಡಿಸಿದರೆ ಡಿಕ್ಕಿ ತೆರೆಯುವ ಸೌಲಭ್ಯ. ಸೈಕಲ್ ಹೇರಲು ಕಾರಿನ ಹಿಂದೆ ನಿಂತವರ ಕಾಲು ಆ ಜಾಗದಲ್ಲೇ ಆಡುತ್ತಿರುತ್ತದೆ, ಕಾರಿನ ಕೀ ಜೇಬಿನಲ್ಲೇ ಇರುತ್ತದೆ. ಡಿಕ್ಕಿಯ ಬಾಗಿಲು ಎದ್ದು ಬಂದು ಹ್ಯಾಂಡಲ್ಲಿಗೆ ಬಡಿಯುತ್ತದೆ. ರ‍್ಯಾಕ್ ಕೂಡಿಸುವ ಮೊದಲೇ ಸೆಟ್ಟಿಂಗ್‌ನಲ್ಲಿ ಇದನ್ನು ಆಫ್ ಮಾಡಿಬಿಡಬೇಕು.

ರೇಂಜ್ ಬಗ್ಗೆ ನನಗಿದ್ದ ಆತಂಕ ಮಾತ್ರ ಬಳಸುತ್ತ ಬಳಸುತ್ತ ಕರಗಿತು. ಎರಡು ಸೈಕಲ್ ಹೇರಿ ಹೆದ್ದಾರಿಯಲ್ಲಿ ಹೋಗುವಾಗ ನನ್ನ ಕಾರಿನಲ್ಲಿ ಹತ್ತನೇ ಒಂದು ಭಾಗದಷ್ಟು, ಎದುರುಗಾಳಿಯಿದ್ದರೆ ಇನ್ನೂ ತುಸು ಹೆಚ್ಚು ಇಳಿಯುತ್ತದೆ. ಖಾಲಿ ರ‍್ಯಾಕ್ ಮಡಚಿಟ್ಟಿದ್ದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 110 ಕಿಲೋಮೀಟರಿನಿಂದ 95ಕ್ಕೆ ಇಳಿಸಿದರೆ ಆ ತಡೆ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗುತ್ತದೆ. ರ‍್ಯಾಕ್ ಕಿತ್ತುಕೊಂಡದ್ದನ್ನು ಆಕ್ಸಿಲರೇಟರಿನ ಮೇಲಿನ ಕಾಲೇ ಮರಳಿ ಗಳಿಸಿಕೊಡುತ್ತದೆ. ಕಾರಿನ ನಕ್ಷೆಗೆ ಹಿಂದೆ ರ‍್ಯಾಕ್ ಇರುವುದು ಗೊತ್ತಿಲ್ಲದಿದ್ದರೆ ತಲುಪುವಾಗ ಉಳಿಯುವ ಚಾರ್ಜನ್ನು ಅದು ಹೆಚ್ಚಾಗಿಯೇ ತೋರಿಸುತ್ತದೆ. ಆದ್ದರಿಂದ ಸೈಕಲ್ ಇರುವ ದಿನ ನಾನು ಅದರ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿನ ಉಳಿಕೆ ಇಟ್ಟುಕೊಂಡೇ ಹೊರಡುತ್ತೇನೆ.

ಈ ಲೆಕ್ಕ ಕೈಗೆ ಬಂದ ಮೇಲೆ ಚಾರ್ಜಿಂಗ್ ಜಾಗದ ಮೇಲಿನ ನನ್ನ ಸಿಟ್ಟಿನ ಬಿಸಿಯೂ ಕಡಿಮೆಯಾಯಿತು. ಒಂದೇ ಚಾರ್ಜಿನಲ್ಲಿ ತಲುಪಬಹುದಾದ ಊರುಗಳನ್ನೇ ಸೈಕಲ್ ಸವಾರಿಗೆ ಆರಿಸಿಕೊಂಡು, ರಾತ್ರಿ ತಂಗುವಲ್ಲಿ ನಿಧಾನದ ಚಾರ್ಜಿಗೆ ಹಾಕುವುದು ನಮ್ಮ ಪದ್ಧತಿಯಾಯಿತು. ಅಲ್ಲಿ ಬಳಸುವುದು ನಮ್ಮದೇ ತೆಳುವಾದ, ಐದಾರು ಮೀಟರಿನ ಕೇಬಲ್ಲು; ಅದು ಕಾರಿನ ಯಾವ ಮೂಲೆಗೂ ತಲುಪುತ್ತದೆ, ಅಷ್ಟರಲ್ಲಿ ಸೈಕಲ್‌ಗಳು ಹೇಗೂ ಇಳಿದಿರುತ್ತವೆ. ದಾರಿಯಲ್ಲಿ ವೇಗದ ಚಾರ್ಜ್ ಬೇಕೇ ಬೇಕಾದರೆ, ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂಥ, ಪೆಟ್ರೋಲ್ ಬಂಕಿನ ಮಾದರಿಯ ಜಾಗಗಳನ್ನು ಮನೆಯಲ್ಲೇ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಅಂಥವು ಇನ್ನೂ ವಿರಳ. ಆದರೂ ಟೆಸ್ಲಾ ತನ್ನ ನಾಲ್ಕನೇ ತಲೆಮಾರಿನ ಸೂಪರ್‌ಚಾರ್ಜರ್ ಎಂಬ ವೇಗದ ಚಾರ್ಜರ್ ಕಂಬಗಳಿಗೆ ಹಿಂದಿನದಕ್ಕಿಂತ ಉದ್ದವಾದ ಕೇಬಲ್ ಕೊಟ್ಟಿರುವುದನ್ನು ನೋಡಿದರೆ, ಕಂಬ ನೆಡುವವರಿಗೆ ಈ ತೊಡಕು ತಿಳಿಯದ್ದೇನಲ್ಲ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಟ್ರೇಲರ್ ಎಳೆಯಲು ಅನುಮತಿಯೇ ಇಲ್ಲದ ಕೆಲವು ವಿದ್ಯುತ್ ಕಾರುಗಳಿಗೂ ಸೈಕಲ್ ರ‍್ಯಾಕ್‌ಗೆಂದೇ ಹಿಚ್ ಸಿಗುತ್ತದೆ. ಅದು ಹೊರಬಹುದಾದ ಭಾರದ ಮಿತಿಯಲ್ಲಿ ರ‍್ಯಾಕ್‌ನ ಸ್ವಂತ ತೂಕವೂ ಸೇರುತ್ತದೆ. ಇಪ್ಪತ್ತು ಕಿಲೋ ಮೀರಿದ ರ‍್ಯಾಕ್ ಮೇಲೆ ಎರಡು ಬ್ಯಾಟರಿ ಸೈಕಲ್ ಏರಿಸಿದರೆ ಮೊತ್ತ 70 ಕಿಲೋ ದಾಟುವುದು ಸುಲಭ. ಹಿಚ್‌ನ ಮಿತಿ, ಕಾರಿನ ಮಿತಿ, ತಟ್ಟೆಯೊಂದಕ್ಕೆ ರ‍್ಯಾಕ್ ತಯಾರಕರು ಹೇಳಿದ ಮಿತಿ, ಮೂರರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ. ನಂಬರ್ ಪ್ಲೇಟು, ಹಿಂದಿನ ದೀಪ ಮರೆಯಾಗುತ್ತಿದ್ದರೆ ದೀಪದ ಹಲಗೆಯಿರುವ ರ‍್ಯಾಕ್ ಬೇಕು. ಅದರ ವೈರನ್ನು ಕಾರಿನ ದೀಪದ ವೈರಿಗೆ ಕತ್ತರಿಸಿ ಸೇರಿಸದೆ, ಆ ಕಾರಿಗೆಂದೇ ಬರುವ ಟ್ರೇಲರ್ ಸಾಕೆಟ್ಟಿನಿಂದಲೇ ಕೊಡಿಸಬೇಕು.

ಇಂದು ಮತ್ತೆ ಕೊಳ್ಳುವುದಾದರೆ ಹಿಚ್ ರ‍್ಯಾಕನ್ನೇ ಕೊಳ್ಳುತ್ತೇನೆ. ಆದರೆ ಎರಡು ಸೈಕಲ್‌ಗಿಂತ ಹೆಚ್ಚಿನದಕ್ಕೆ ಆಸೆಪಡುವುದಿಲ್ಲ, ಹೊರಕ್ಕೆ ಅತಿ ಕಡಿಮೆ ಚಾಚುವ ಮಾದರಿಯನ್ನು ಹುಡುಕುತ್ತೇನೆ. ವಾರಾಂತ್ಯದಲ್ಲಿ ಒಂದು ಚಾರ್ಜಿನ ದೂರದೊಳಗೆ ಹೋಗಿ ಬರುವ ಸವಾರರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ದಿನವಿಡೀ ಹೆದ್ದಾರಿಯಲ್ಲಿ ಓಡಿ, ಒಂದೇ ದಿನದಲ್ಲಿ ಎರಡು ಮೂರು ಕಡೆ ವೇಗದ ಚಾರ್ಜಿಗೆ ನಿಲ್ಲುವವರು, ಅದರಲ್ಲೂ ಹಿಂಬದಿಯಲ್ಲಿ ಪೋರ್ಟ್ ಇರುವವರು, ತಾವು ನಿಲ್ಲುವ ಚಾರ್ಜಿಂಗ್ ಜಾಗಗಳಿಗೆ ಒಮ್ಮೆ ಸೈಕಲ್ ಇಲ್ಲದೆ ಹೋಗಿ, ಕಂಬದಿಂದ ಒಂದು ಮೀಟರ್ ಮುಂದೆ ಕಾರು ನಿಲ್ಲಿಸಿ, ಕೇಬಲ್ ಪೋರ್ಟಿಗೆ ಮುಟ್ಟುತ್ತದೆಯೇ ಎಂದು ಎಳೆದು ನೋಡಿ ಆಮೇಲೆ ಹಣ ಕೊಡಿ.