ಸೇವಂತಿಗೆಯ ಸಡಗರ, ಎರಡು ಜೇಬಿನ ಲೆಕ್ಕ: ಫ್ರಿಸ್ಕೊ ಶಾಲಾ ಜಿಲ್ಲೆಯ ಬಗ್ಗೆ ಒಬ್ಬ ಪಾಲಕನ ವಿಮರ್ಶೆ

ಟೆಕ್ಸಸ್‌ನ ಡಲ್ಲಾಸ್ ಸೀಮೆಗೆ ಹೊಸದಾಗಿ ಬರುವ ಕನ್ನಡಿಗರು ಮನೆ ಹುಡುಕುವ ಮೊದಲು ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ಸ್ಕೂಲ್ ಹೇಗಿದೆ?’ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. ಹತ್ತಕ್ಕೆ ಇಷ್ಟು ಎಂಬ ಒಂದು ಅಂಕಿ. ಹನ್ನೊಂದು ವರ್ಷದಿಂದ ಫ್ರಿಸ್ಕೊ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ಈ ಭಾಗದ ಸರಕಾರಿ ಶಾಲೆಗಳನ್ನೆಲ್ಲ ನಡೆಸುವ, ಎಲ್ಲರ ಬಾಯಲ್ಲಿ ಫ್ರಿಸ್ಕೊ ಐಎಸ್‌ಡಿ ಆಗಿರುವ ಶಾಲಾ ಜಿಲ್ಲೆಯ, ಗಿರಾಕಿಯಾಗಿರುವ ನನಗೆ ಆ ಅಂಕಿಯಲ್ಲಿ ಹೆಚ್ಚಿನ ಆಸಕ್ತಿ ಉಳಿದಿಲ್ಲ. ಮಗಳು ಇಲ್ಲಿಯೇ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ಮಗ ಮಿಡ್ಲ್ ಸ್ಕೂಲಿನಲ್ಲಿದ್ದಾನೆ. ಪಾಠಪ್ರವಚನಗಳ ಗುಣಮಟ್ಟವನ್ನು ಕುರಿತು ಬೇರೆಯವರು ಸಾಕಷ್ಟು ಬರೆದಿರುವುದರಿಂದ ನಾನು ಇಲ್ಲಿ ಎರಡು ವಿಷಯಗಳಿಗೆ ಮಾತ್ರ ಸೀಮಿತನಾಗುತ್ತೇನೆ: ಈ ಜಿಲ್ಲೆ ಊರನ್ನು ಒಟ್ಟುಗೂಡಿಸಿ ನಡೆಸುವ ಹಬ್ಬಗಳು, ಮತ್ತು ಆ ಹಬ್ಬಗಳ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳದೆ ಹೋಗುವ ಹಣದ ಮಾತು.

ಊರಿನ ಬೆಳವಣಿಗೆಯನ್ನು ತಿಳಿಯದೆ ಇವೆರಡೂ ಅರ್ಥವಾಗುವುದಿಲ್ಲ. 2000ದ ಜನಗಣತಿಯಲ್ಲಿ ಫ್ರಿಸ್ಕೊ ನಗರದ ಜನಸಂಖ್ಯೆ 33,714 ಇತ್ತು; 2020ರಲ್ಲಿ ಅದು 2,00,509ಕ್ಕೆ ಏರಿತು. ಶಾಲಾ ಜಿಲ್ಲೆಯ ಗಡಿ ನಗರದ ಗಡಿಯೊಂದಿಗೆ ಒಂದಾಗಿಲ್ಲ; ಪ್ಲೇನೊ, ಮೆಕಿನಿ ಮತ್ತು ಲಿಟಲ್ ಎಲ್ಮ್‌ಗಳ ಕೆಲವು ಭಾಗಗಳೂ ಇದರೊಳಗೆ ಬರುತ್ತವೆ. ಹನ್ನೆರಡು ಹೈಸ್ಕೂಲುಗಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಶಾಲೆಗಳಿವೆ, ಅರುವತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಅವರಲ್ಲಿ ಏಷ್ಯಾ ಮೂಲದವರದೇ ಈಗ ಅತಿ ದೊಡ್ಡ ಗುಂಪು.

ಮೊದಲು ಹಬ್ಬದ ಮಾತು. ಶರತ್ಕಾಲದಲ್ಲಿ ಬರುವ ಹೋಮ್‌ಕಮಿಂಗ್ ವಾರವನ್ನು ಕಣ್ಣಾರೆ ಕಾಣದವರಿಗೆ ಟೆಕ್ಸಸ್‌ನ ಶಾಲೆ ಎಂದರೇನೆಂದು ವಿವರಿಸುವುದು ಕಷ್ಟ. ಹಳೆಯ ವಿದ್ಯಾರ್ಥಿಗಳು ಮರಳಿ ಬರುವ, ಫುಟ್‌ಬಾಲ್ ಪಂದ್ಯವನ್ನು ನೆಪವಾಗಿಟ್ಟುಕೊಂಡು ಇಡೀ ಬಡಾವಣೆ ಬೀದಿಗಿಳಿಯುವ ಈ ವಾರದ ಮುಖ್ಯ ಅಲಂಕಾರಕ್ಕೆ ‘ಮಮ್’ ಎಂದು ಹೆಸರು. ಮಮ್ ಎಂದರೆ ಬೇರೇನೂ ಅಲ್ಲ, ನಮ್ಮ ಸೇವಂತಿಗೆ. ಒಂದು ಕಾಲಕ್ಕೆ ನಿಜವಾದ ಹೂವನ್ನೇ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಈಗ ಅದು ತಟ್ಟೆಯಗಲದ ಬಟ್ಟೆಯ ಹೂವಾಗಿ, ಅದರಿಂದ ಮೊಣಕಾಲಿನವರೆಗೆ ಇಳಿಬಿಡುವ ರಿಬ್ಬನ್ನು, ಗೆಜ್ಜೆ, ಪುಟ್ಟ ಗೊಂಬೆ, ಹೆಸರಿನ ಪಟ್ಟಿಗಳೆಲ್ಲ ಸೇರಿ ಒಂದು ಉತ್ಸವಮೂರ್ತಿಯ ಅಲಂಕಾರದಷ್ಟಾಗಿದೆ. ನನ್ನ ಮಗಳು ಅದನ್ನು ತೊಟ್ಟು ಮೆಟ್ಟಿಲಿಳಿದು ಬಂದಾಗ, ಊರಿನಿಂದ ಬಂದಿದ್ದ ನನ್ನ ತಾಯಿ ಗೆಜ್ಜೆಯ ಸದ್ದು ಕೇಳಿ ‘ಜಾತ್ರೆಗೆ ಹೊರಟ ಬಸವನ ಹಾಗಿದ್ದೀಯಲ್ಲೇ’ ಎಂದು ನಕ್ಕರು. ಅದು ಗೇಲಿಯಾಗಿರಲಿಲ್ಲ, ಅವರಿಗೆ ತಿಳಿದಿದ್ದ ಅತಿ ದೊಡ್ಡ ಸಡಗರದ ಹೋಲಿಕೆಯಾಗಿತ್ತು, ಮತ್ತು ಅದು ಸರಿಯಾಗಿಯೇ ಇತ್ತು.

ಶುಕ್ರವಾರ ರಾತ್ರಿಯ ಪಂದ್ಯಗಳಲ್ಲಿ ಕೆಲವು ಫೋರ್ಡ್ ಸೆಂಟರ್‌ನಲ್ಲಿ ನಡೆಯುತ್ತವೆ. ನಗರ, ಶಾಲಾ ಜಿಲ್ಲೆ ಮತ್ತು ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ, ಈ ಮೂರರ ಪಾಲುದಾರಿಕೆಯಲ್ಲಿ 2016ರಲ್ಲಿ ತೆರೆದ, ಹನ್ನೆರಡು ಸಾವಿರ ಆಸನಗಳ ಒಳಾಂಗಣ ಕ್ರೀಡಾಂಗಣವದು. ಆಟದ ನಿಯಮ ನನಗೆ ಇಂದಿಗೂ ಪೂರ್ತಿ ತಿಳಿಯದು. ನಾನು ಹೋಗುವುದು ವಿರಾಮದ ಹೊತ್ತಿನ ಬ್ಯಾಂಡ್ ನೋಡಲು. ಆಗಸ್ಟ್‌ನ ಬಿಸಿಲಿನಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದ ಮಕ್ಕಳು ಮೈದಾನದ ಮೇಲೆ ಒಂದು ಗೆರೆಯೂ ತಪ್ಪದಂತೆ ನಡೆಯುತ್ತ ನುಡಿಸುವುದನ್ನು ಕಂಡಾಗ, ಮೈಸೂರಿನ ಜಂಬೂ ಸವಾರಿಯ ಪೊಲೀಸ್ ಬ್ಯಾಂಡನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದ್ದು ನೆನಪಾಗುತ್ತದೆ. ಇನ್ನು ಪ್ರಾಥಮಿಕ ಶಾಲೆಯ ಬಹುಸಂಸ್ಕೃತಿ ಸಂಜೆ: ಊಟದ ಸಭಾಂಗಣದಲ್ಲಿ ದೇಶಕ್ಕೊಂದು ಮೇಜು, ಭಾರತದ ಮೇಜಿನ ಮೇಲೆ ರಂಗೋಲಿಯ ಪಕ್ಕ ಚಕ್ಕುಲಿ, ಅದರ ಎದುರು ಕೊರಿಯಾದ ಮಕ್ಕಳ ಕಾಗದದ ಬೀಸಣಿಗೆ. ಇಲ್ಲಿ ಯಾರೂ ಯಾರಿಗೂ ಅತಿಥಿಯಲ್ಲ ಎಂಬ ಭಾವವನ್ನು ಮಕ್ಕಳಲ್ಲಿ ಇಷ್ಟು ಸಹಜವಾಗಿ ಬೆಳೆಸಿದ್ದಕ್ಕಾಗಿ ನಾನು ಈ ವಿಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಇಂಥ ಸಂಜೆಗಳ ಹೊರೆಯನ್ನು ಬಹುಮಟ್ಟಿಗೆ ಹೊರುವವರು ಪಾಲಕ–ಶಿಕ್ಷಕರ ಸಂಘಗಳು ಮತ್ತು ಬ್ಯಾಂಡು, ಆಟಗಳ ಬೆಂಬಲಕ್ಕೆ ಪಾಲಕರೇ ಕಟ್ಟಿಕೊಂಡ ಬೂಸ್ಟರ್ ಕ್ಲಬ್‌ಗಳು. ಮಮ್‌ನ ಹಣ ನಮ್ಮ ಮನೆಯದು, ಚಕ್ಕುಲಿಯೂ ನಮ್ಮ ಮನೆಯದು. ‘ಹಬ್ಬ ಕಡಿಮೆ ಮಾಡಿದರೆ ಬಜೆಟ್ ಸರಿಹೋಗುತ್ತದೆ’ ಎನ್ನುವವರ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಹೊಸ ಕಟ್ಟಡಗಳನ್ನು ತೋರಿಸಿ, ಸಾಲ ಮಾಡಿ ತುಪ್ಪ ತಿನ್ನುವವರು ಇವರು ಎಂದು ಆಡಿಕೊಳ್ಳುವವರೂ ಇದ್ದಾರೆ. ಅವರಿಗೂ ಒಂದು ಸಂಗತಿ ತಿಳಿದಿಲ್ಲವೆಂದು ತೋರುತ್ತದೆ.

ಟೆಕ್ಸಸ್‌ನ ಶಾಲಾ ಜಿಲ್ಲೆಗೆ ಎರಡು ಜೇಬುಗಳಿವೆ. ನಮ್ಮ ಆಸ್ತಿ ತೆರಿಗೆಯ ಒಂದು ಭಾಗ ಎಂ ಅಂಡ್ ಓ ಎಂದು ಕರೆಯುವ ನಿರ್ವಹಣಾ ಖಾತೆಗೆ ಹೋಗುತ್ತದೆ. ಶಿಕ್ಷಕರ ಸಂಬಳ, ವಿದ್ಯುತ್ತು, ಬಸ್ಸಿನ ಡೀಸೆಲ್ ಎಲ್ಲವೂ ಇದರಿಂದಲೇ ನಡೆಯಬೇಕು. ಇನ್ನೊಂದು ಭಾಗ ಐ ಅಂಡ್ ಎಸ್ ಖಾತೆಯದು. ಮತದಾರರು ಒಪ್ಪಿದ ಬಾಂಡ್ ಸಾಲದ ಅಸಲು ಬಡ್ಡಿಯನ್ನು ತೀರಿಸಲು ಮಾತ್ರ ಅದು ಮೀಸಲು. ಬಾಂಡ್‌ನ ಹಣದಲ್ಲಿ ಕಟ್ಟಡ ಕಟ್ಟಬಹುದು, ಬಸ್ಸು ಕೊಳ್ಳಬಹುದು. ಆದರೆ ಒಬ್ಬ ಗಣಿತದ ಮೇಷ್ಟರಿಗೆ ಒಂದು ತಿಂಗಳ ಸಂಬಳ ಕೊಡುವಂತಿಲ್ಲ. ಒಂದು ಜೇಬು ತುಂಬಿರುವಾಗಲೇ ಇನ್ನೊಂದು ಹರಿದಿರಬಹುದು. ಇದಕ್ಕೆ ಫ್ರಿಸ್ಕೊದಷ್ಟು ಸ್ಪಷ್ಟ ಉದಾಹರಣೆ ಬೇರೆ ಸಿಗುವುದು ಕಷ್ಟ: 2016ರ ಆಗಸ್ಟ್‌ನಲ್ಲಿ ನಿರ್ವಹಣಾ ತೆರಿಗೆಯ ದರ ಏರಿಸುವ ಪ್ರಸ್ತಾಪವನ್ನು ಮತದಾರರು ತಿರಸ್ಕರಿಸಿದಾಗ, ಬಾಂಡ್ ಹಣದಿಂದ ಸಿದ್ಧವಾಗುತ್ತಿದ್ದ ನಾಲ್ಕು ಹೊಸ ಶಾಲೆಗಳ ಆರಂಭವನ್ನೇ ಜಿಲ್ಲೆ ಮುಂದೂಡಬೇಕಾಯಿತು. ಗೋಡೆಗೆ ಹಣವಿತ್ತು, ಆ ಗೋಡೆಗಳ ನಡುವೆ ನಿಂತು ಪಾಠ ಹೇಳುವವರಿಗೆ ಇರಲಿಲ್ಲ. ಎರಡು ವರ್ಷದ ನಂತರ, 2018ರ ನವೆಂಬರ್‌ನಲ್ಲಿ, ಅದೇ ಮತದಾರರು ತೆರಿಗೆ ಏರಿಕೆಯನ್ನೂ 69.1 ಕೋಟಿ ಡಾಲರ್‌ಗಳ ಬಾಂಡನ್ನೂ ಒಟ್ಟಿಗೆ ಒಪ್ಪಿದರು.

ನಮ್ಮವರಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆಯಿದೆ. ಮನೆಯ ಬೆಲೆ ಏರಿ ತೆರಿಗೆಯ ಬಿಲ್ಲು ದೊಡ್ಡದಾದರೆ ಶಾಲೆಗೆ ಅಷ್ಟು ಹಣ ಹೆಚ್ಚಾಗಿ ಬರುತ್ತದೆ ಎಂಬುದು ಅದು. ವಾಸ್ತವದಲ್ಲಿ ಒಂದು ಜಿಲ್ಲೆಗೆ ಎಷ್ಟು ಸಲ್ಲಬೇಕೆಂಬುದನ್ನು ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ ಕುಳಿತ ಶಾಸನಸಭೆಯ ಸೂತ್ರ ನಿರ್ಧರಿಸುತ್ತದೆ. ಸ್ಥಳೀಯ ತೆರಿಗೆ ಹೆಚ್ಚು ಬಂದಷ್ಟೂ ರಾಜ್ಯ ತನ್ನ ಪಾಲನ್ನು ಬಹುಮಟ್ಟಿಗೆ ಅಷ್ಟೇ ಇಳಿಸುತ್ತದೆ, ಆಸ್ತಿವಂತ ಜಿಲ್ಲೆಗಳಲ್ಲಿ ಮಿಕ್ಕದ್ದನ್ನು 1993ರಿಂದ ಜಾರಿಯಲ್ಲಿರುವ, ರಾಬಿನ್ ಹುಡ್ ಎಂಬ ಅಡ್ಡಹೆಸರಿನ ಪದ್ಧತಿಯಂತೆ ಎಳೆದುಕೊಳ್ಳುತ್ತದೆ. ಈ ಸೂತ್ರದ ಬುನಾದಿಯಾದ, ಪ್ರತಿ ಮಗುವಿಗೆ ನೀಡುವ ಮೂಲ ಮೊತ್ತ 2019ರಲ್ಲಿ 6,160 ಡಾಲರ್‌ಗೆ ನಿಗದಿಯಾಯಿತು. ಬೆಲೆಗಳು ಐದನೇ ಒಂದು ಪಾಲಿಗೂ ಹೆಚ್ಚು ಏರಿದ ಮುಂದಿನ ವರ್ಷಗಳಲ್ಲಿ ಅದು ಅಲುಗಾಡಲಿಲ್ಲ. 2025ರಲ್ಲಿ ಶಾಸನಸಭೆ 850 ಕೋಟಿ ಡಾಲರ್‌ಗಳ ಶಿಕ್ಷಣ ಮಸೂದೆಯನ್ನು ಅಂಗೀಕರಿಸಿದಾಗಲೂ ಈ ಮೂಲ ಮೊತ್ತಕ್ಕೆ ಕೂಡಿದ್ದು ಕೇವಲ 55 ಡಾಲರ್. ಉಳಿದ ಹಣದ ಬಹುಪಾಲಿಗೆ ಶಿಕ್ಷಕರ ಸಂಬಳದಂಥ ಗೊತ್ತಾದ ಉದ್ದೇಶಗಳ ಚೀಟಿ ಅಂಟಿಕೊಂಡಿತ್ತು. ಅದೇ ಅವಧಿಯಲ್ಲಿ ಸ್ವಂತ ವಾಸದ ಮನೆಗಳಿಗೆ ಶಾಲಾ ತೆರಿಗೆಯಲ್ಲಿ ಸಿಗುವ ವಿನಾಯಿತಿ 40,000ದಿಂದ 2023ರಲ್ಲಿ ಒಂದು ಲಕ್ಷ ಡಾಲರ್‌ಗೂ, 2025ರಲ್ಲಿ 1,40,000ಕ್ಕೂ ಏರಿತು. ಇದರಿಂದಾಗುವ ನಷ್ಟವನ್ನು ರಾಜ್ಯ ತುಂಬಿಕೊಡುತ್ತದೆ, ನಿಜ. ಆದರೆ ಅದರೊಂದಿಗೆ ಜಿಲ್ಲೆಯ ಅವಲಂಬನೆಯೂ ಅಷ್ಟು ಹೆಚ್ಚುತ್ತದೆ.

ಈ ಎಲ್ಲ ಒತ್ತಡಗಳೂ 2024ರಲ್ಲಿ ಒಟ್ಟಿಗೆ ಬಂದು ನಿಂತವು. ಆ ನವೆಂಬರ್‌ನಲ್ಲಿ ಜಿಲ್ಲೆ ಮತದಾರರ ಮುಂದೆ ನಿರ್ವಹಣಾ ತೆರಿಗೆಯ ಏರಿಕೆಯನ್ನೂ, ಒಟ್ಟು ನೂರು ಕೋಟಿ ಡಾಲರ್‌ಗೂ ಮಿಕ್ಕಿದ ಬಾಂಡ್ ಪ್ರಸ್ತಾಪಗಳನ್ನೂ ಇಟ್ಟಿತು, ಎಲ್ಲವೂ ಬಿದ್ದುಹೋದವು. 2019ರ ಕಾನೂನಿನ ಪ್ರಕಾರ ತೆರಿಗೆಯ ದರ ಏರಲಿ ಬಿಡಲಿ, ಶಾಲಾ ಬಾಂಡ್‌ನ ಪ್ರತಿಯೊಂದು ಮತಪತ್ರದ ಮೇಲೂ ‘ಇದು ಆಸ್ತಿ ತೆರಿಗೆಯ ಹೆಚ್ಚಳ’ ಎಂದು ಅಚ್ಚಾಗಿರಲೇಬೇಕು. ಆ ಸಾಲನ್ನು ಓದಿಯೂ ಹೌದೆನ್ನುವ ಮತದಾರನಿಗೆ ಶಾಲೆಯ ಮೇಲಿನ ನಂಬಿಕೆಯ ಜೊತೆಗೆ ಲೆಕ್ಕದ ತಿಳಿವಳಿಕೆಯೂ ಇರಬೇಕಾಗುತ್ತದೆ. ಮರುತಿಂಗಳೇ, ಡಿಸೆಂಬರ್‌ನಲ್ಲಿ, ಸ್ಟೇಲಿ ಮಿಡ್ಲ್ ಸ್ಕೂಲನ್ನು 2024–25ರ ಶಾಲಾ ವರ್ಷದ ಕೊನೆಗೆ ಮುಚ್ಚಲು ಜಿಲ್ಲೆಯ ಆಡಳಿತ ಮಂಡಳಿ ತೀರ್ಮಾನಿಸಿತು. ವರ್ಷಕ್ಕೆರಡು ಮೂರು ಶಾಲೆ ತೆರೆದು ಅಭ್ಯಾಸವಾಗಿದ್ದ ಊರಿಗೆ ಇದು ಹೊಸ ಅನುಭವ. ನೆರೆಯ ಪ್ಲೇನೊ ಅದೇ ವರ್ಷದ ಜೂನ್‌ನಲ್ಲಿ ನಾಲ್ಕು ಶಾಲೆಗಳನ್ನು ಮುಚ್ಚುವ ನಿರ್ಧಾರ ಕೈಗೊಂಡಿತ್ತು.

ಕಾರಣ ನಿಗೂಢವೇನಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಕಟ್ಟಿದ ಬಡಾವಣೆಗಳಲ್ಲಿ ಮಕ್ಕಳು ದೊಡ್ಡವರಾಗಿ ಹೋಗಿದ್ದಾರೆ, ತಂದೆತಾಯಿ ಅಲ್ಲಿಯೇ ಉಳಿದಿದ್ದಾರೆ. ಆ ಮನೆಗಳ ಈಗಿನ ಬೆಲೆಯನ್ನು ಪುಟ್ಟ ಮಕ್ಕಳಿರುವ ಕುಟುಂಬಗಳು ಕೊಡಲಾರವು, ಅವು ಉತ್ತರಕ್ಕೆ ಪ್ರಾಸ್ಪರ್, ಸೆಲೈನಾ ಕಡೆಗೆ ಸರಿಯುತ್ತಿವೆ. ಇದರ ಮೇಲೆ ಫ್ರಿಸ್ಕೊ ತನ್ನದಾಗಿ ಆರಿಸಿಕೊಂಡ ಒಂದು ನೀತಿಯಿದೆ. ಬೃಹತ್ ಹೈಸ್ಕೂಲುಗಳನ್ನು ಕಟ್ಟುವ ಬದಲು, ಪ್ರತಿ ಶಾಲೆಯನ್ನೂ ಸುಮಾರು ಎರಡು ಸಾವಿರ ಮಕ್ಕಳ ಆಸುಪಾಸಿಗೆ ಮಿತಿಗೊಳಿಸುವ ನೀತಿ. ಬ್ಯಾಂಡಿನಲ್ಲಿ, ತಂಡದಲ್ಲಿ, ನಾಟಕದಲ್ಲಿ ಹೆಚ್ಚು ಮಕ್ಕಳಿಗೆ ಜಾಗ ಸಿಗುವುದು ಇದರಿಂದಲೇ. ನಾನು ಮೇಲೆ ಐದು ಅಂಕ ಕೊಟ್ಟ ಸಡಗರದ ಬೇರೂ ಇಲ್ಲಿಯೇ ಇದೆ. ಹನ್ನೆರಡು ಹೈಸ್ಕೂಲು ಎಂದರೆ ಹನ್ನೆರಡು ಬ್ಯಾಂಡ್ ನಿರ್ದೇಶಕರು, ಹನ್ನೆರಡು ಪ್ರಾಂಶುಪಾಲರು, ಹನ್ನೆರಡು ಹೋಮ್‌ಕಮಿಂಗ್. ಮಕ್ಕಳ ಸಂಖ್ಯೆ ಏರುತ್ತಿದ್ದಾಗ ಇದು ಹಗುರವಾಗಿತ್ತು. ಇಳಿಯತೊಡಗಿದ ಮೇಲೆ ಅದೇ ಭಾರವಾಗುತ್ತದೆ. ಆದರೂ ಈ ನೀತಿಯನ್ನು ಕೈಬಿಡಬೇಕೆಂದು ನಾನು ಹೇಳಲಾರೆ, ನನ್ನ ಮಗಳಂಥ ಸಂಕೋಚದ ಹುಡುಗಿಗೆ ಕೊಳಲು ಹಿಡಿದು ಮೈದಾನಕ್ಕಿಳಿಯುವ ಧೈರ್ಯ ಬಂದದ್ದು ಆ ಸಣ್ಣ ಶಾಲೆಯಲ್ಲಿ. ಅದರ ಬೆಲೆ ಎಷ್ಟೆಂದು ತಿಳಿದು ಒಪ್ಪಿಕೊಳ್ಳುವುದು ಮಾತ್ರ ನಮ್ಮ ಹೊಣೆ. ಹಣಕಾಸಿನ ದೀರ್ಘಕಾಲದ ಭದ್ರತೆಗೆ ನಾನು ಕೊಡುವುದು ಐದಕ್ಕೆ ಮೂರು. ಕಳೆದ ಎರಡು ಅಂಕಗಳಲ್ಲಿ ಒಂದೂವರೆ ಆಸ್ಟಿನ್‌ನ ಖಾತೆಗೆ ಸೇರಬೇಕು.

ಉಳಿದ ಅರ್ಧದಲ್ಲಿ ನಮ್ಮ ಪಾಲೂ ಇದೆ. ಟೆಕ್ಸಸ್ ಶಾಲೆಗೆ ಹಣ ಕೊಡುವುದು ದಾಖಲಾತಿಯ ಲೆಕ್ಕದಲ್ಲಲ್ಲ, ದಿನದಿನದ ಸರಾಸರಿ ಹಾಜರಾತಿಯ ಲೆಕ್ಕದಲ್ಲಿ. ವರ್ಷಕ್ಕೆ ಸುಮಾರು 175 ಶಾಲಾದಿನ ಎಂದು ಹಿಡಿದರೆ, ಮೂಲ ಮೊತ್ತದ ಪ್ರಕಾರ ಒಂದು ಮಗು ಒಂದು ದಿನ ಬಾರದಿದ್ದರೆ ಸ್ಥೂಲವಾಗಿ 35 ಡಾಲರ್ ಖೋತಾ. ತಂಗಿಯ ಮದುವೆಗೆಂದು ಜನವರಿಯಲ್ಲಿ ಮೂರು ವಾರ ಊರಿಗೆ ಹೋದಾಗ ನಾನು ಈ ಲೆಕ್ಕವನ್ನು ಹಾಕಿರಲಿಲ್ಲ; ಇಬ್ಬರು ಮಕ್ಕಳದು ಸೇರಿ ಸಾವಿರ ಡಾಲರ್ ದಾಟುತ್ತದೆ.

ಮತದಾನದ ವಿಷಯ ಇನ್ನೂ ಬಿಗಿಯಾದದ್ದು. ಎಚ್–1ಬಿ ವೀಸಾದಲ್ಲಿಯೋ, ಹಸಿರು ಕಾರ್ಡಿನ ತೀರದ ಸರತಿಯಲ್ಲಿಯೋ ಇರುವ ನಮ್ಮವರು ಮನೆ ಕೊಂಡು ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಈ ಶಾಲೆಗಳಿಗೆ ಕಳುಹಿಸುತ್ತಾರೆ, ಬಹುಸಂಸ್ಕೃತಿ ಸಂಜೆಗೆ ಚಕ್ಕುಲಿ ಕರಿಯುತ್ತಾರೆ. ಆದರೆ ಬಾಂಡ್ ಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಪೌರತ್ವವಿಲ್ಲದ ಕಾರಣ ಅವರಿಗೆ ಮತವಿಲ್ಲ. ಪೌರತ್ವ ಪಡೆದವರೂ ಶುಕ್ರವಾರದ ಪಂದ್ಯಕ್ಕೆ ತೋರುವ ಉತ್ಸಾಹವನ್ನು ಮತಗಟ್ಟೆಗೆ ತೋರುವುದಿಲ್ಲವೆಂಬುದು ನನ್ನ ಪರಿಚಯದ ವಲಯದ ಅನುಭವ. ಮಂಡಳಿಯ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಮಾತ್ರ ಪೌರತ್ವ ಬೇಕಿಲ್ಲ.

ಹೊಸದಾಗಿ ಮನೆ ನೋಡುತ್ತಿರುವವರು ಹತ್ತಕ್ಕೆ ಇಷ್ಟು ಎಂಬ ಅಂಕಿಗಿಂತ, ತಾವು ಆರಿಸಿದ ಬಡಾವಣೆಯ ಪ್ರಾಥಮಿಕ ಶಾಲೆಯಲ್ಲಿ ಐದು ವರ್ಷದ ಹಿಂದೆ ಎಷ್ಟು ಮಕ್ಕಳಿದ್ದರು, ಈಗ ಎಷ್ಟಿದ್ದಾರೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. ಬಜೆಟ್ಟಿಗೆ ಒಪ್ಪಿಗೆ ಕೊಡುವ ಸಭೆ ನಡೆಯುವುದು ಜೂನ್‌ನಲ್ಲಿ, ಅಂದರೆ ಬೇಸಿಗೆ ರಜೆ ಸಿಕ್ಕ ನಮ್ಮ ಕುಟುಂಬಗಳೆಲ್ಲ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕೊನೆಯ ಮಾವಿನಹಣ್ಣು ತಿನ್ನುತ್ತಿರುವ ಹೊತ್ತಿನಲ್ಲಿ. ಈ ವರ್ಷ ನಮ್ಮ ಮನೆಯ ಟಿಕೆಟ್ಟುಗಳನ್ನು ಜುಲೈ ಮೊದಲ ವಾರಕ್ಕೆ ಮಾಡಿಸಿದ್ದೇನೆ. ಮಾವು ಮುಗಿದಿರುತ್ತದೆಂದು ಹೆಂಡತಿ ಇನ್ನೂ ಗೊಣಗುತ್ತಿದ್ದಾಳೆ.